ಫಿಲಂ ಡಬ್ಬಿ

‘ಅತ್ತೆ ನೀರೂ ಮುಟ್ಟಿಲ್ಲ’ ಎಂದಳು ವಾಣಿಶ್ರೀ. ‘ನಿನ್ನೆ ಮಧ್ಯಾಹ್ನದಿಂದ.’

ಬಕ್ಕೇಶನ ಬಾಯಲ್ಲಿ ಬೇವಿನ ಕಡ್ಡಿ ಇತ್ತು. ಹೆಂಡತಿಗೆ ಉತ್ತರ ಕೊಡದೆ ಇರುವುದಕ್ಕೆ ಅದಕ್ಕಿಂತ ಒಳ್ಳೆಯ ನೆಪ ಇಲ್ಲ. ಹಿತ್ತಲಿನ ಒಗೆಯೋ ಕಲ್ಲಿನ ಮೇಲೆ ಕೂತು ಇನ್ನಷ್ಟು ಹೊತ್ತು ಅಗಿದ. ಒಸಡಿನಲ್ಲಿ ರಕ್ತ ಬಂತು. ಕಡ್ಡಿ ಹಿಡಿದಾಗಿನಿಂದಲೂ ಬರುತ್ತಿತ್ತು. ಮೈಯೊಳಗಿನ ಕೆಟ್ಟದ್ದು ಹೊರಗೆ ಹೋಗುತ್ತಿದೆ ಎಂದು ಅವಳಿಗೆ ಹೇಳಿದ್ದ. ಅವಳು ನಂಬಿದಂತೆ ಕಾಣಲಿಲ್ಲ. ಅವನೂ ಅಷ್ಟೇನೂ ನಂಬಿರಲಿಲ್ಲ.

‘ಸಿಟ್ಟು’ ಎಂದ, ಉಗಿದು. ‘ಪ್ಲಾಸ್ಟಿಕ್ ಕೊಡ ಹೊರಗೆ ಹಾಕಿದ್ದಕ್ಕೆ.’

‘ಅತ್ತೆಗೆ ಸಿಟ್ಟು ಬಂದಿದ್ದು ನಾನು ಈ ಮನೀಗೆ ಬಂದಾಗಿಂದ ನೋಡಿಲ್ಲ. ಒಂದ್ಸಲ ಹೋಗಿ ಕೇಳ್ರಿ, ಪುಣ್ಯ ಬರತೈತೆ.’

ಪುಣ್ಯದ ಮಾತು ಅವಳು ಬೇಕಂತಲೇ ಆಡಿದ್ದು. ಬಕ್ಕೇಶ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವನು. ದೇವರು ದಿಂಡಿರು ಅಂದರೆ ಮುಗುಳ್ನಕ್ಕು ಸುಮ್ಮನಾಗುವ ಜಾತಿ. ಧಾರವಾಡದ ಹಾಸ್ಟೆಲಿನಲ್ಲಿದ್ದಾಗಲೇ ಕೊರಳಿನ ಲಿಂಗ ಬಿಚ್ಚಿ ಟ್ರಂಕಿನ ತಳದಲ್ಲಿಟ್ಟಿದ್ದ. ರಜೆಗೆ ಬಂದಾಗ ಅವ್ವ ಅವನ ಬರಿಗೊರಳನ್ನು ಒಂದು ಸಲ ನೋಡಿ, ರೊಟ್ಟಿಗೆ ಇನ್ನಷ್ಟು ಬೆಣ್ಣೆ ಹಾಕಿದ್ದಳು. ಅದರ ಬಗ್ಗೆ ಮಾತೇ ಬರಲಿಲ್ಲ. ಬಂದಿದ್ದರೆ ವಾದ ಮಾಡಬಹುದಿತ್ತು. ಅವನು ವಾದ ತಯಾರು ಮಾಡಿಕೊಂಡು ಬಂದಿದ್ದ.

ಆಮೇಲೆ ವರ್ಷಗಟ್ಟಲೆ ಅವನ ಒಳಗೆ ಏನೂ ಆಗಲಿಲ್ಲ. ನೌಕರಿ ಆಯಿತು, ಮದುವೆ ಆಯಿತು, ಎಂ.ಸಿ.ಸಿ. ಬಿ ಬ್ಲಾಕಿನಲ್ಲಿ ಮನೆ ಆಯಿತು, ದಾವಣಗೆರೆಯೇ ಜಿಲ್ಲೆ ಆಯಿತು. ಅವನೊಬ್ಬ ಹಾಗೇ ಇದ್ದ. ಈ ಬೇಸಿಗೆ ರಜೆಯಲ್ಲಿ ಲೈಬ್ರರಿಯಲ್ಲಿ ಕೂತು ಓದಿದ ಒಂದು ಲೇಖನ ಮಾತ್ರ ಅವನನ್ನು ಹಿಡಿದುಕೊಂಡಿತು. ಬಿಸಿ ತಗುಲಿದ ಪ್ಲಾಸ್ಟಿಕ್ಕಿನ ವಿಷ ನೀರಿಗೆ ಇಳಿಯುತ್ತದೆ, ಅನ್ನಕ್ಕೆ ಇಳಿಯುತ್ತದೆ, ರಕ್ತಕ್ಕೆ ಇಳಿಯುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಅಷ್ಟು ದಿನ ಪಾಠ ಮಾಡಿದ ರಸಾಯನ ಅವನನ್ನು ಮೊದಲನೇ ಸಲ ಹೆದರಿಸಿತು. ಹೆದರಿಕೆ ಹಿತವಾಗಿತ್ತು.

ಅಲ್ಲಿಂದ ಶುರುವಾಯಿತು. ಮನೆಗೆ ತಾಮ್ರದ ಹಂಡೆ ಬಂತು, ಹಿತ್ತಾಳೆ ಕೊಡ ಬಂತು, ಸೀಗೆಪುಡಿ, ಗಾಣದ ಎಣ್ಣೆ, ಮುತ್ತುಗದ ಎಲೆ ಬಂದವು. ವಾಣಿಶ್ರೀಯ ಸೊಂಟ ಕೊಡ ಎತ್ತಿ ಎತ್ತಿ ಹಿಡಿದುಕೊಂಡಿತು. ‘ಅತ್ತೆ ಪೂಜಿ ಹತ್ತು ನಿಮಿಷದಾಗ ಮುಗೀತೈತೆ. ನಿಮ್ಮ ಪೂಜಿ ದಿನಪೂರ್ತಿ ನಡೀತೈತೆ’ ಎಂದು ಅವಳು ಅಂದಿದ್ದೂ ಆಯಿತು. ನಿನ್ನೆ ಕೊನೆಯ ಚೀಲ ಹೊರಟಿತ್ತು. ದೇವರ ಗೂಡಿಗೆ ತಾನೇ ಕೈ ಹಾಕಿ ಪ್ಲಾಸ್ಟಿಕ್ ಹೂವಿನ ಹಾರ, ಕರ್ಪೂರದ ಡಬ್ಬಿ, ಕುಂಕುಮದ ಡಬ್ಬಿ ಎಲ್ಲ ಬಾಚಿ ಹುಸೇನ್ ಸಾಬರ ಗುಜರಿ ಗಾಡಿಗೆ ಸುರಿದಿದ್ದ. ಖಾಲಿ ಗೂಡಿನ ಮುಂದೆ ನಿಂತಾಗ ಗೆದ್ದೆ ಅನ್ನಿಸಿತ್ತು.

ಅವ್ವ ಗುರುಶಾಂತಮ್ಮ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು.

‘ಯಾಕವ್ವಾ ಉಂಡಿಲ್ಲ?’

‘ಹಸಿವಿಲ್ಲಪ್ಪ.’

‘ನೀರು?’

‘ಬಾಯಾರಿಕಿ ಇಲ್ಲ.’ ಅನ್ನುವಾಗ ನಾಲಿಗೆ ಅಂಗುಳಿಗೆ ಅಂಟಿ ಬಿಟ್ಟ ಸದ್ದು ಕೇಳಿತು.

‘ತಾಮ್ರದ ನೀರು ಒಗ್ಗಲಿಲ್ಲೇನು?’

‘ನೀರಿನ ಮ್ಯಾಲೆ ನನಗ್ಯಾಕ ಸಿಟ್ಟು?’

ಅವಳ ಎಡಗೈ ತೊಡೆಯ ಮೇಲೆ ಅಂಗಾತ ಬಿದ್ದಿತ್ತು. ಬಲಗೈ ಎದೆಯ ಕಡೆ ಹೋಗಿ, ಅಲ್ಲಿ ಏನೂ ಸಿಗದೆ ವಾಪಸು ಬಂತು. ಬಕ್ಕೇಶನಿಗೆ ಅಷ್ಟು ಸಾಕಾಯಿತು.

‘ಲಿಂಗ ಎಲ್ಲೈತವ್ವಾ?’

‘ಇರತೈತೆ ಬಿಡು ಎಲ್ಲೋ. ನೀನು ತಿಂಡಿ ತಿನ್ನು.’

ಉಳಿದದ್ದನ್ನು ಅಡುಗೆಮನೆಯಲ್ಲಿ ವಾಣಿಶ್ರೀ ಹೇಳಿದಳು. ಅವನು ಬಾಯಿ ತೊಳೆದು ಬರುವಷ್ಟರಲ್ಲಿ ಅವಳೂ ಅತ್ತೆಯನ್ನು ಕಾಡಿಬೇಡಿ ಬಾಯಿ ಬಿಡಿಸಿದ್ದಳು. ಲಿಂಗ ಇಡುವ ಬೆಳ್ಳಿ ಕರಡಿಗೆಯ ಕೊಂಡಿ ಮುರಿದು ಪತ್ತಾರನ ಹತ್ತಿರ ಇದೆಯಲ್ಲ, ಅದು ಬರುವ ತನಕ ಎಂದು ಅತ್ತೆ ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಕ್ಯಾಮೆರಾ ರೀಲು ಬರುವ ಕರೀ ಫಿಲಂ ಡಬ್ಬಿಯಲ್ಲಿ ಇಟ್ಟುಕೊಂಡಿದ್ದರು. ಹಗಲೆಲ್ಲ ಕುಪ್ಪಸದೊಳಗೆ. ಜಳಕದ ಹೊತ್ತಿಗೆ ಮಾತ್ರ ದೇವರ ಗೂಡಿನಲ್ಲಿ.

‘ಲಿಂಗಪೂಜಿ ಆಗದೆ ನೀರು ಮುಟ್ಟಲ್ಲ ಅಂತಾರೆ. ಮಠಕ್ಕೆ ಹೋಗಿ ಸ್ವಾಮಿಗಳ ಕೈಯಾಗ ಹೊಸಾದು ಕಟ್ಟಿಸ್ಕಂಡ್ರಾತು ಅಂದೆ. ಹುಟ್ಟಿದಾಗ ಕಟ್ಟಿದ್ದು ಅದು, ಮಣ್ಣಿಗೆ ಹೋಗೋವಾಗ ಅಂಗೈಯಾಗ ಇರಬೇಕಾದ್ದೂ ಅದೇ ಅಂದ್ರು. ಡಾಕ್ಟ್ರನ್ನ ಕರೆಸಿ ಗ್ಲೂಕೋಸ್ ಹಾಕಿಸ್ಲೇನು ಅಂದ್ರೆ, ಅದೂ ನೀರೇ ಅಲ್ಲೇನವ್ವಾ ಅಂತಾರೆ.’

‘ಅವ್ವ ನನಗ್ಯಾಕ ಹೇಳ್ಲಿಲ್ಲ?’

ವಾಣಿಶ್ರೀ ಒಲೆಯ ಕಡೆ ತಿರುಗಿದಳು. ‘ನೀವು ನೊಂದ್ಕಂತೀರಿ ಅಂತ.’

ಫಿಲಂ ಡಬ್ಬಿ ಅವನಿಗೆ ನೆನಪಿತ್ತು. ಕೈಗೆ ಭಾರ ಅನ್ನಿಸಿತ್ತು. ಅಲ್ಲಾಡಿಸಿದಾಗ ಒಳಗೆ ಮೆತ್ತಗೆ ಏನೋ ಹೊರಳಿತ್ತು. ಅಡಿಕೆ ಇರಬೇಕು ಅಂದುಕೊಂಡಿದ್ದ. ಮುಚ್ಚಳ ತೆಗೆದು ನೋಡಲು ಅಸಹ್ಯ ಪಟ್ಟಿದ್ದ, ಪ್ಲಾಸ್ಟಿಕ್ ಎಂದು.

ಹಳೇ ಊರಿನ ಗುಜರಿ ಅಂಗಡಿಯಲ್ಲಿ ಹುಸೇನ್ ಸಾಬ್ ತಕ್ಕಡಿ ಒರೆಸುತ್ತಿದ್ದರು. ‘ನಿನ್ನೆ ಸಂಜಿಗೇ ಲಾರಿ ತುಂಬಿ ಹರಿಹರಕ್ಕ ಹೋತಲ್ರಿ ಸರ್, ನಮ್ಮ ಖುದ್ದೂಸ್ ಶೆಡ್ಡಿಗೆ. ಯಾಕ್ರಿ, ರೊಕ್ಕ ಗಿಕ್ಕ ಏನಾರ ಹೋತೇನು?’

‘ಹಂಗೇನಿಲ್ಲ’ ಎಂದು ಬಕ್ಕೇಶ ಸ್ಕೂಟರ್ ತಿರುಗಿಸಿದ.

ಹರಿಹರದ ದಾರಿಯಲ್ಲಿ ಬಿಸಿಲು ಮುಖಕ್ಕೆ ಬಡಿಯುತ್ತಿತ್ತು. ಬಾಯಿ ಒಣಗಿತು. ಗಾಡಿ ನಿಲ್ಲಿಸಿ ಎಲ್ಲಾದರೂ ನೀರು ಕುಡಿಯಬಹುದಿತ್ತು. ಕುಡಿಯಲಿಲ್ಲ. ಯಾಕೆ ಅಂತ ತನ್ನನ್ನು ತಾನು ಕೇಳಿಕೊಳ್ಳುವುದಕ್ಕೂ ಹೆದರಿಕೆಯಾಯಿತು.

ಶೆಡ್ಡು ಊರ ಹೊರಗೆ, ಹೊಳೆಯ ಕಡೆ ಇತ್ತು. ಅಂಗಳದ ತುಂಬ ಬಣ್ಣಬಣ್ಣದ ಗುಡ್ಡೆ: ಬಕೀಟು, ಚಪ್ಪಲಿ, ಎಣ್ಣೆ ಕ್ಯಾನು, ತಲೆ ಇಲ್ಲದ ಗೊಂಬೆ. ಒಳಗೆ ಯಂತ್ರ ಕಿವುಡಾಗುವಂತೆ ಅರಚುತ್ತಿತ್ತು. ಖುದ್ದೂಸ್ ಮೂಗಿಗೆ ಕಟ್ಟಿದ ಟವೆಲು ಇಳಿಸಿ ಹೊರಗೆ ಬಂದ.

‘ಬರ್ರಿ ಸರ್, ಕೂಡ್ರಿ. ಹುಸೇನ್ ಚಾಚಾ ಫೋನ್ ಮಾಡಿದ್ರು, ನಿಮ್ಮ ದೇವರ ಗೂಡಿನ ಸಾಮಾನು ಬಂದಾವಂತ. ಏನು ಹುಡುಕಬೇಕು?’

‘ಒಂದು ಫಿಲಂ ಡಬ್ಬಿ.’

‘ಒಳಗೆ ಬಂಗಾರ ಇತ್ತೇನ್ರಿ?’

‘ಬಂಗಾರ ಅಲ್ಲ.’

‘ಹಂಗಾರೆ?’

‘ಒಂದು ಕಲ್ಲು.’

ಖುದ್ದೂಸನಿಗೆ ನಗು ಬಂತು. ‘ಕಲ್ಲಿಗೋಸ್ಕರ ಈ ಬಿಸಿಲಾಗ ಬಂದ್ರಾ ಸರ್?’  ಬಕ್ಕೇಶನ ಬರಿ ಹಣೆ, ಒಣಗಿದ ತುಟಿ ನೋಡುತ್ತ ನೋಡುತ್ತ ಖುದ್ದೂಸನ ನಗು ಆರಿತು. ‘ಅಮ್ಮಾರ ಲಿಂಗಾನಾ?’ ಎಂದ ಮೆಲ್ಲಗೆ.

ಬಕ್ಕೇಶ ತಲೆಯಾಡಿಸಿದ.

‘ಯಾ ಅಲ್ಲಾ. ಏಯ್, ಮಷಿನ್ ಬಂದ್ ಮಾಡ್ರೋ!’

ಯಂತ್ರ ನಿಂತಿತು. 

ಫೋಟೋ ಸ್ಟುಡಿಯೋಗಳಿಂದ ಬಂದ ಒಂದು ಮೂಟೆ ಇತ್ತು, ತುಂಬ ಬರೀ ಫಿಲಂ ಡಬ್ಬಿ. ಇಬ್ಬರೂ ನೆಲದ ಮೇಲೆ ಕೂತು ಒಂದೊಂದೇ ಮುಚ್ಚಳ ತೆಗೆದರು. ಟಪ್ ಅನ್ನುವುದು, ಖಾಲಿ. ಟಪ್ ಅನ್ನುವುದು, ಖಾಲಿ. ಮೊದಮೊದಲು ಬಕ್ಕೇಶ ಪ್ರತಿ ಡಬ್ಬಿಯನ್ನೂ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದ. ಆಮೇಲೆ ಅದನ್ನೂ ಬಿಟ್ಟ. ಹಾಸ್ಟೆಲಿನ ಟ್ರಂಕು ನೆನಪಾಯಿತು. ಅದರ ತಳದಲ್ಲಿಟ್ಟ ತನ್ನ ಲಿಂಗ ಆಮೇಲೆ ಏನಾಯಿತು? ಗೊತ್ತಿರಲಿಲ್ಲ. ಇವತ್ತಿನವರೆಗೆ ಗೊತ್ತಿಲ್ಲ ಅನ್ನುವುದೂ ಗೊತ್ತಿರಲಿಲ್ಲ.

ಮೂಟೆ ಮುಗಿಯಿತು.

‘ಬೆಳಿಗ್ಗೆ ಕರೇ ಮಾಲು ಒಂದಿಷ್ಟು ಹಾಕಿದ್ವಿ ಸರ್’ ಎಂದ ಖುದ್ದೂಸ್. ಅವನು ಬಕ್ಕೇಶನನ್ನು ನೋಡಲಿಲ್ಲ. ‘ಬ್ಲೇಡು ಒಂದ್ಸಲ ಕಿರ್ ಅಂತು. ಕಲ್ಲು ಮಣ್ಣು ದಿನಾ ಬರತಾವೆ. ಅದೇ ಅಂತ ಹೇಳಾಕೆ ಆಗಲ್ಲ. ಬ್ಯಾರೆ ಏನೋ ಇರಬಹುದು.’

‘ಇರಬಹುದು’ ಎಂದ ಬಕ್ಕೇಶ.

ಪುಡಿಯಾದ ಕರೀ ಚೂರಿನ ರಾಶಿಯಲ್ಲಿ ಮೊಣಕೈ ತನಕ ತೋಳು ಹಾಕಿ ಕಲಸಿದ. ಚರ್ಮ ತರಚಿತು. ಖುದ್ದೂಸ್ ಚಹಾ ತರಿಸಿದ, ಪ್ಲಾಸ್ಟಿಕ್ ಲೋಟದಲ್ಲಿ. ಬಕ್ಕೇಶ ಬ್ಯಾಡ ಅಂದ. ‘ಗಾಜಿನ ಲೋಟದಾಗ ತರಿಸ್ತೀನಿ ತಡೀರಿ’ ಅಂದ ಖುದ್ದೂಸ್. ಅದಕ್ಕಲ್ಲ ಅನ್ನುವ ಬದಲು ಅವನು ಮತ್ತೆ ಚೂರಿನೊಳಗೆ ಕೈ ಹಾಕಿದ.

ಚೂರನ್ನು ಕರಗಿಸುವ ಯಂತ್ರದ ಬುಡದಲ್ಲಿ ಸೋರಿ ಬಿದ್ದು ಗಟ್ಟಿಯಾದ ಮುದ್ದೆಗಳಿದ್ದವು. ಕರಿ, ನುಣುಪು. ಒಂದನ್ನು ಎತ್ತಿಕೊಂಡ. ಇನ್ನೂ ಬೆಚ್ಚಗಿತ್ತು. ಅಂಗೈಯಲ್ಲಿ ಅದು ಲಿಂಗದ ಹಾಗೇ ಕೂತಿತು.

‘ಅದ್ಯಾಕ್ರಿ ಸರ್?’

‘ಹುಡುಗರಿಗೆ ತೋರ್ಸಾಕೆ. ಪಾಠಕ್ಕೆ.’

ಖುದ್ದೂಸ್ ಅದನ್ನು ಒಂದು ಕಾಗದದಲ್ಲಿ ಸುತ್ತಿ ಕೊಟ್ಟ.

ಹೊಳೆಯಲ್ಲಿ ನೀರು ತಳ ಕಂಡಿತ್ತು. ಬಕ್ಕೇಶ ಮೆಟ್ಟಿಲ ಮೇಲೆ ಕೂತು ಮುದ್ದೆಯನ್ನು ಕಲ್ಲಿಗೆ ತಿಕ್ಕತೊಡಗಿದ. ತಿಕ್ಕಿದಂತೆಲ್ಲ ದುಂಡಗಾಯಿತು. ಒಂದು ಮಗ್ಗುಲಲ್ಲಿ ಕೆಂಪು ಗೆರೆ ಎದ್ದಿತು, ಯಾವುದೋ ಮಗ್ಗಿನದೋ ಬಕೀಟಿನದೋ. ಅವನು ಗುಜರಿಗೆ ಹಾಕಿದ ಬಚ್ಚಲಿನ ಮಗ್ಗೂ ಕೆಂಪೇ. ಆ ಗೆರೆ ತೆಗೆಯಲು ಹೋದಷ್ಟೂ ಒಳಗೆ ಇಳಿಯುತ್ತ ಹೋಯಿತು.

ಇದರಲ್ಲಿ ತಪ್ಪೇನು, ಎಂದು ತನಗೇ ಪಾಠ ಹೇಳಿಕೊಂಡ. ನಂಬಿಕೆ ಅವಳದು. ಕಲ್ಲಾದರೇನು, ಇದಾದರೇನು. ಅವ್ವ ನೀರು ಕುಡಿದರೆ ಸಾಕು. ವಾದ ಸರಿಯಾಗಿಯೇ ಇತ್ತು. ಆದರೆ ವಾಣಿಶ್ರೀ ಹೇಳಿದ ಮಾತು ಬಂದು ಅಡ್ಡ ನಿಂತಿತು: ಮಣ್ಣಿಗೆ ಹೋಗುವಾಗ ಅಂಗೈಯಲ್ಲಿ ಇರಬೇಕಾದ್ದು. ಪ್ಲಾಸ್ಟಿಕ್ಕು ಮಣ್ಣಿನಲ್ಲಿ ಕರಗುವುದಿಲ್ಲ ಎಂದು ಬ್ಲಾಕಿನ ಮನೆಮನೆಗೆ ಹೋಗಿ ಹೇಳಿ ಬಂದವನು ಅವನು. ಅವ್ವ ಕರಗುತ್ತಾಳೆ. ಇದು ಕರಗುವುದಿಲ್ಲ.

ಅಳು ಬಂತು. ಕೈ ತಿಕ್ಕುವುದನ್ನು ನಿಲ್ಲಿಸಲಿಲ್ಲ.

ವಾಪಸು ಬರುವಾಗ ದಾವಣಗೆರೆ ಪೇಟೆಯಲ್ಲಿ ಪತ್ತಾರನಿಂದ ಕರಡಿಗೆ ತಗೊಂಡ. ಬಿಳಿ ಬಟ್ಟೆಯ ಚೂರಿನಲ್ಲಿ ಸುತ್ತಿ ಮುದ್ದೆಯನ್ನು ಒಳಗಿಟ್ಟ. ಅಳತೆ ತೆಗೆದು ಮಾಡಿಸಿದ ಹಾಗೆ ಕೂತಿತು.

ಮನೆಯಲ್ಲಿ ಅವ್ವ ಚಾಪೆಯ ಮೇಲೆ ಮಲಗಿದ್ದಳು. ತುಟಿ ಬಿರುಕು ಬಿಟ್ಟಿತ್ತು. ಅವಳ ಪಕ್ಕದಲ್ಲಿ ಕೂತ ವಾಣಿಶ್ರೀ ಬೀಸಣಿಗೆ ನಿಲ್ಲಿಸಿ ಅವನ ಮುಖ ನೋಡಿದಳು.

‘ಅವ್ವಾ, ಸಿಕ್ತು’ ಎಂದ. ದನಿ ಕ್ಲಾಸಿನಲ್ಲಿ ಹಾಜರಿ ಕೂಗುವಷ್ಟು ಜೋರಾಗಿ ಬಂತು.

‘ಶಿವನೇ, ದೊಡ್ಡೋನಪ್ಪಾ ನೀನು’ ಎಂದು ವಾಣಿಶ್ರೀ ಅತ್ತೇಬಿಟ್ಟಳು.

ಅವ್ವ ಕಣ್ಣು ಬಿಟ್ಟಳು. ಕರಡಿಗೆಯನ್ನು ನೋಡುವ ಮೊದಲು ಮಗನನ್ನು ನೋಡಿದಳು.

ಸೊಸೆಯ ಕೈ ಹಿಡಿದು ಬಚ್ಚಲಿಗೆ ಹೋಗಿ ಬಂದಳು. ಗೂಡಿನ ಮುಂದೆ ಕೂತು ಹಣೆಗೆ, ತೋಳಿಗೆ ವಿಭೂತಿ ಹಚ್ಚಿಕೊಂಡಳು. ಬಟ್ಟೆ ಬಿಡಿಸಿ ಎಡ ಅಂಗೈಯಲ್ಲಿ ಇಟ್ಟುಕೊಂಡಳು. ಅಂಗೈ ಒಂದಿಷ್ಟು ಮೇಲೆ ಹೋಯಿತು, ಒಂದಿಷ್ಟು ಕೆಳಗೆ ಬಂತು.

‘ಹಗುರಾಗೈತೆ.’

‘ಮ್ಯಾಲೆ ಬಳಿದ ಕಂತಿ ಒಂದಿಷ್ಟು ಕರಗಿ ಹೋಗೈತವ್ವಾ. ಬಿಸಿಲಾಗ ಬಿದ್ದಿತ್ತು.’

ಅವ್ವ ಅವನ ಕೈ ನೋಡಿದಳು. ಉಗುರಿನ ಸಂದಿಯಲ್ಲೆಲ್ಲ ಕಪ್ಪು. ಹೆಬ್ಬೆರಳಿನ ಚರ್ಮ ಕಿತ್ತು ಕೆಂಪಾಗಿತ್ತು. ಅವನು ಕೈ ಹಿಂದೆ ಕಟ್ಟಿಕೊಂಡ.

‘ಉಂಡೇನಪ್ಪಾ?’

‘ಇಲ್ಲ.’

‘ನೀರಾದ್ರೂ?’

‘ನೀನು ಕುಡಿದಿಲ್ಲಲ್ಲ.’

ಅವ್ವ ಅಂಗೈಯಲ್ಲಿದ್ದುದಕ್ಕೆ ವಿಭೂತಿ ಹಚ್ಚಿದಳು. ಆಮೇಲೆ, ‘ವಾಣೀ, ನೀರು ತಾರವ್ವ’ ಎಂದಳು.

ವಾಣಿಶ್ರೀ ತಾಮ್ರದ ಚೊಂಬಿನಲ್ಲಿ ತಂದಳು. ‘ಬಿಸಿ ಮಾಡೇನಿ ಅತ್ತೆ. ಒಣಗಿದ ಗಂಟಲಿಗೆ ತಣ್ಣೀರು ಹಿಡಕಂತೈತೆ.’

ಚೊಂಬಿನ ಬಾಯಿಂದ ಸಣ್ಣಗೆ ಹಬೆ ಏಳುತ್ತಿತ್ತು. ಬ್ಯಾಡವ್ವ ಅನ್ನಬೇಕೆಂದು ಬಕ್ಕೇಶ ಬಾಯಿ ತೆರೆದ. ಯಾಕ ಬ್ಯಾಡ ಎಂದು ಅವಳು ಕೇಳುತ್ತಾಳೆ. ನಾಲಿಗೆ ಅಂಗುಳಿಗೆ ಅಂಟಿತು.

ಅವ್ವ ಬಿಸಿನೀರು ಎರೆದಳು. ನೀರು ಕರಿಯ ಮೇಲೆ ನಿಲ್ಲದೆ ಜಾರಿ ಬೆರಳ ಸಂದಿಯಿಂದ ಬಟ್ಟಲಿಗೆ ಇಳಿಯಿತು. ಹಚ್ಚಿದ ವಿಭೂತಿ ತೊಳೆದು ಹೋಗಿ ಕೆಂಪು ಗೆರೆ ಕಂಡಿತು. ಅವನು ನೋಡುತ್ತಿದ್ದ. ಅವ್ವನೂ ನೋಡುತ್ತಿದ್ದಳು. ಅವಳ ಹೆಬ್ಬೆರಳು ನಿಧಾನವಾಗಿ ಸರಿದು ಆ ಗೆರೆಯ ಮೇಲೆ ಕೂತಿತು.

ಕಣ್ಣು ಮುಚ್ಚಿಕೊಂಡಳು. ತುಟಿ ಅಲ್ಲಾಡಿತು. ಬಟ್ಟಲೆತ್ತಿ ಅರ್ಧ ಕುಡಿದಳು. ಗಂಟಲಿನಲ್ಲಿ ನೀರು ಇಳಿಯುವುದು ಅವನಿಗೆ ಕಾಣುತ್ತಿತ್ತು.

‘ತಗಾ’ ಎಂದಳು, ಉಳಿದರ್ಧ ಚಾಚಿ. ಇಷ್ಟು ವರ್ಷ ಅವಳು ಅವನಿಗೆ ಲಿಂಗದ ತೀರ್ಥ ಕೊಟ್ಟವಳಲ್ಲ. ‘ನೀನೂ ಕುಡಿ. ಬೆಳಿಗ್ಗಿಂದ ಒಣಗೀಯ.’

 ಬಟ್ಟಲು ಅವನ ಮುಂದೆ ಹಾಗೇ ನಿಂತಿತ್ತು. ಬಕ್ಕೇಶ ಬಗ್ಗಿ ನೋಡಿದ. ನೀರು ತಿಳಿಯಾಗಿತ್ತು. ಏನೂ ಕಾಣುತ್ತಿರಲಿಲ್ಲ.