ಹದಿನಾಲ್ಕನೇ ವಾರ

ಸೈನ್ಯದ ತರಬೇತಿ ಕೇಂದ್ರಕ್ಕೆ ಸೇರಿದ ಮೊದಲ ವಾರದಲ್ಲೇ ಗೌನಿಪಲ್ಲಿಯ ಕದಿರೇಶನಿಗೆ ಎಡ ಬಲ ಮರೆತುಹೋಯಿತು. ‘ದಾಹಿನೇ ಮುಡ್’ ಎಂದು ಕವಾಯತು ಕಲಿಸುವ ಉಸ್ತಾದ್ ಕೂಗಿದರೆ ಉಳಿದವರೆಲ್ಲ ಬಲಕ್ಕೆ ತಿರುಗುತ್ತಿದ್ದರು. ಇವನೊಬ್ಬ ಎಡಕ್ಕೆ ತಿರುಗಿ ಪಕ್ಕದವನ ಮುಖಕ್ಕೆ ಮುಖ ಕೊಟ್ಟು ನಿಲ್ಲುತ್ತಿದ್ದ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಹಿಂದಿ ಅವನಿಗೆ ಪರೀಕ್ಷೆ ಪಾಸಾಗುವಷ್ಟೇ ಗೊತ್ತಿತ್ತು. ತಪ್ಪಿದಾಗಲೆಲ್ಲ ಮೈದಾನದ ಜಲ್ಲಿಮಣ್ಣಿನ ಮೇಲೆ ಈ ತುದಿಯಿಂದ ಆ ತುದಿಗೆ ಪಲ್ಟಿ ಹೊಡೆಸುತ್ತಿದ್ದರು. ಎದ್ದಾಗ ತಲೆ ಸುತ್ತಿ, ಬೆಳಿಗ್ಗೆ ಕುಡಿದ ಚಹಾ ಗಂಟಲಿಗೆ ಬರುತ್ತಿತ್ತು.

ಅವನ ಜೊತೆ ಅದೇ ಭರ್ತಿಯಲ್ಲಿ ಆಯ್ಕೆಯಾಗಿ ಬಂದಿದ್ದವನು ಯಲ್ದೂರಿನ ಗೋಪಿ. ಇಬ್ಬರೂ ಎರಡು ವರ್ಷ ಶ್ರೀನಿವಾಸಪುರದ ಮೈದಾನದಲ್ಲಿ ಒಟ್ಟಿಗೆ ಓಡಿದವರು. ಗೋಪಿ ಕೋಲಾರದ ಒಂದು ಪಂಕ್ಚರ್ ಅಂಗಡಿಯಲ್ಲಿ ಕೆಲಸ ಮಾಡುತ್ತಾ ಉರ್ದು ಕಲಿತಿದ್ದರಿಂದ ಇಲ್ಲಿ ಅವನಿಗೆ ಮಾತಿನ ಕಷ್ಟವಿರಲಿಲ್ಲ.

“ಊಟ ಮಾಡೋ ಕೈ ದಾಹಿನೇ ಕಣೋ. ಇನ್ನೊಂದು ಬಾಯೇ. ಅಷ್ಟೇ,” ಎಂದು ಅವನು ಹೇಳಿಕೊಟ್ಟ.

ಮೂರನೇ ವಾರಕ್ಕೆ ಕದಿರೇಶ ಸರಿಯಾಗಿ ತಿರುಗತೊಡಗಿದ. ಆದರೆ ಒಳಗೆ ಏನೋ ಕುಸಿದುಹೋಗಿತ್ತು. ಬ್ಯಾರಕ್ಕಿನಲ್ಲಿ ನಲವತ್ತು ಮಂಚ, ನಲವತ್ತು ಕಬ್ಬಿಣದ ಟ್ರಂಕು. ಒಂದು ಮೂಲೆಯೂ ಅವನದಾಗಿರಲಿಲ್ಲ. ರೊಟ್ಟಿ ನುಂಗುವಾಗ ಮುದ್ದೆಯ ನೆನಪಾಗಿ ಹಸಿವೇ ಸಾಯುತ್ತಿತ್ತು. ಭಾನುವಾರ ಒಂದು ಗಂಟೆ ಫೋನು ಕೈಗೆ ಕೊಡುತ್ತಿದ್ದರು.

“ಊಟ ಸೇರ್ತದಾ ಕಂದಾ?” ಎಂದು ತಾಯಿ ಅಶ್ವತ್ಥಮ್ಮ ಕೇಳುತ್ತಿದ್ದಳು.

“ಸೇರ್ತದಮ್ಮ. ಚೆನ್ನಾಗಿದೀನಿ.”

ಫೋನಿಟ್ಟ ಮೇಲೆ ಅಳಬೇಕೆನಿಸುತ್ತಿತ್ತು. ಸುತ್ತಲೂ ಅಷ್ಟೊಂದು ಜನರಿದ್ದುದರಿಂದ ಅದಕ್ಕೂ ಜಾಗವಿರಲಿಲ್ಲ.

ಹನ್ನೊಂದನೇ ವಾರದಲ್ಲಿ ಅವನ ಬಲತೊಡೆಯ ಸಂದಿಯಲ್ಲಿ ನೋವು ಶುರುವಾಯಿತು. ಮೊದಲು ಓಡಿದಾಗ ಮಾತ್ರ, ಆಮೇಲೆ ನಡೆದಾಗ, ಕೊನೆಗೆ ಮಂಚದ ಮೇಲೆ ಹೊರಳಿದಾಗಲೂ. ಪಕ್ಕದ ಬ್ಯಾರಕ್ಕಿನ ಬಿಹಾರದ ಹುಡುಗನೊಬ್ಬ ಕಾಲುನೋವೆಂದು ಆಸ್ಪತ್ರೆಗೆ ಹೋಗಿದ್ದ. ವಾಪಸ್ಸು ಬಂದಾಗ ಅವನನ್ನು ಹೊಸ ತಂಡಕ್ಕೆ ಹಾಕಿ ತರಬೇತಿಯನ್ನು ಮೊದಲಿನಿಂದ ಶುರುಮಾಡಿಸಿದ್ದರು. ಕದಿರೇಶ ಅದನ್ನು ಕಣ್ಣಾರೆ ನೋಡಿದ್ದ. ನೋವನ್ನಾದರೂ ತಡೆದುಕೊಳ್ಳಬಲ್ಲೆ, ಆ ಮೊದಲ ವಾರವನ್ನು ಇನ್ನೊಂದು ಸಲ ಬದುಕಲಾರೆ ಅನಿಸಿತು ಅವನಿಗೆ.

ಬಟ್ಟೆ ಒಗೆಯುವ ಕಟ್ಟೆಯ ಬಳಿ ಅವನು ಕುಂಟುವುದನ್ನು ಗೋಪಿ ಗಮನಿಸಿದ.

“ಏಮ್ರಾ, ಕಾಲಿಗೆ ಏನಾಯ್ತು?”

“ಏನಿಲ್ಲ. ಉಳುಕಿದೆ.”

“ಮೂರು ದಿನದಿಂದ ನೋಡ್ತಿದೀನಿ. ಡಾಕ್ಟ್ರಿಗೆ ತೋರ್ಸು.”

“ಬೇಡ ಕಣೋ. ಯಾರಿಗೂ ಹೇಳ್ಬೇಡ. ನಿಮ್ಮಮ್ಮನ ಮೇಲೆ ಆಣೆ ಮಾಡು.”

ಗೋಪಿ ಒದ್ದೆ ಅಂಗಿಯನ್ನು ಮತ್ತೆ ಮತ್ತೆ ಹಿಂಡಿದ. ಅವನ ತಾಯಿ ಭಾರತಮ್ಮ ಗಂಡ ಸತ್ತ ಮೇಲೆ ಒಬ್ಬಳೇ ಅವನನ್ನು ಬೆಳೆಸಿದವಳು. ಆ ಹೆಸರಿನ ಮೇಲೆ ಅವನು ಸುಮ್ಮಸುಮ್ಮನೆ ಆಣೆ ಮಾಡುವವನಲ್ಲ. ಆದರೂ ಮಾಡಿದ.

ಅಲ್ಲಿಂದ ಮೂರು ವಾರ ಕದಿರೇಶ ಹಲ್ಲು ಕಚ್ಚಿಕೊಂಡು ಓಡಿದ. ಅವನ ಬೆನ್ನಿನ ಚೀಲದಲ್ಲಿದ್ದ ಭಾರದ ಸಾಮಾನನ್ನು ಗೋಪಿ ಗುಟ್ಟಾಗಿ ತನ್ನ ಚೀಲಕ್ಕೆ ಹಾಕಿಕೊಳ್ಳುತ್ತಿದ್ದ. ಒಮ್ಮೆ ಸಿಕ್ಕಿಬಿದ್ದು ಇಬ್ಬರೂ ಇಡೀ ಮಧ್ಯಾಹ್ನ ಬಿಸಿಲಲ್ಲಿ ಮೊಣಕೈಯೂರಿ ತೆವಳಿದರು.

ಹದಿನಾಲ್ಕನೇ ವಾರದ ಶುಕ್ರವಾರ, ಮರುದಿನ ಪೂರ್ತಿ ಭಾರ ಹೊತ್ತು ಹತ್ತು ಕಿಲೋಮೀಟರ್ ಓಟವೆಂದು ಹೇಳಿದರು. ಸಂಜೆ ಹಾಜರಿಯ ಹೊತ್ತಿಗೆ ಗೋಪಿ ಸಾಲಿನಿಂದ ಒಂದು ಹೆಜ್ಜೆ ಮುಂದೆ ಬಂದು ನಿಂತ. ಉಸ್ತಾದನಿಗೆ ಹಿಂದಿಯಲ್ಲಿ ಏನೋ ಹೇಳಿದ. ತನ್ನ ಹೆಸರು ಕೇಳಿಸಿದ ಕೂಡಲೇ ಕದಿರೇಶನಿಗೆ ಅರ್ಥವಾಯಿತು.

“ವದ್ದುರಾ ಗೋಪಿ, ಬೇಡ ಕಣೋ,” ಎಂದ. ಗೋಪಿ ಅವನ ಕಡೆ ತಿರುಗಲಿಲ್ಲ.

ಉಸ್ತಾದ್ ಹತ್ತಿರ ಬಂದು ಬಲಗಾಲಿನ ಮೇಲೆ ಮಾತ್ರ ನಿಲ್ಲುವಂತೆ ಕೈಸನ್ನೆ ಮಾಡಿದ. ಕದಿರೇಶ ಎಡಗಾಲೆತ್ತಿದ. ಮರುಗಳಿಗೆಯಲ್ಲಿ ನೆಲದ ಮೇಲಿದ್ದ. ಉಸ್ತಾದ್ ಬೈಯಲಿಲ್ಲ. ಬಗ್ಗಿ ಅವನ ಬೂಟಿನ ಲೇಸನ್ನು ತಾನೇ ಬಿಚ್ಚಿದ. ಅದನ್ನು ಕಂಡು ಕದಿರೇಶನಿಗೆ ಇದ್ದಬದ್ದ ಧೈರ್ಯವೂ ಹೋಯಿತು.

ಆಸ್ಪತ್ರೆಯ ಡಾಕ್ಟರು ಹುಬ್ಬಳ್ಳಿ ಕಡೆಯವರು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು.

“ತೊಡಿ ಎಲುಬಿನ ಕುತ್ತಿಗ್ಯಾಗ ಸೀಳು ಬಿಟ್ಟೈತಿ. ನಾಳೆ ಓಡಿದ್ದಿ ಅಂದ್ರ ಪೂರ್ತಿ ಮುರೀತಿತ್ತು. ಹೇಳಿದವ್ನಿಗೆ ಕೈ ಮುಗಿ.”

“ಮತ್ತೆ ಟ್ರೈನಿಂಗು ಸಾರ್?”

ಡಾಕ್ಟರು ಎಕ್ಸ್‌ರೇಯನ್ನು ಲಕೋಟೆಯೊಳಗೆ ಹಾಕಿದರು.

ಆಪರೇಷನ್ ಮಾಡಿ ಮೂರು ಸ್ಕ್ರೂ ಹಾಕಿದರು. ಎರಡು ತಿಂಗಳ ಮೇಲೆ ವೈದ್ಯಕೀಯ ಮಂಡಳಿ ಅವನನ್ನು ಸೇವೆಗೆ ಅನರ್ಹನೆಂದು ಬರೆಯಿತು. ವಯಸ್ಸೂ ಮೀರಿದ್ದರಿಂದ ಮತ್ತೊಂದು ಭರ್ತಿಗೆ ಹೋಗುವಂತೆಯೂ ಇರಲಿಲ್ಲ.

ಆ ಭಾನುವಾರ ಗೋಪಿ ಅನುಮತಿ ಪಡೆದು ವಾರ್ಡಿಗೆ ಬಂದ. ತೆಳ್ಳಗಾಗಿದ್ದ. ಸ್ಟೂಲಿನ ತುದಿಯಲ್ಲಿ ಕುಳಿತು ಟೋಪಿಯನ್ನು ಮಡಿಲಲ್ಲಿಟ್ಟುಕೊಂಡ.

“ಏನಾದ್ರೂ ಬೈಯಿ,” ಎಂದ.

“ಬೈದ್ರೆ ಏನು ವಾಪಸ್ ಬರ್ತದೆ?”

“ನೀನು ಕುಂಟ ಆಗ್ಬಿಡ್ತಿದ್ದೆ ಕಣೋ. ನೋಡ್ಕೊಂಡು ಹೆಂಗಿರ್ಲಿ? ಆಣೆ ಮುರಿದ ದಿವಸದಿಂದ ನಮ್ಮಮ್ಮನ ಹತ್ರ ಸರಿಯಾಗಿ ಮಾತಾಡಕ್ಕಾಗ್ತಿಲ್ಲ. ಏನಾದ್ರೂ ಆಗ್ಬಿಡ್ತದೇನೋ ಅಂತ ಭಯ.”

“ನೀನು ಮಾಡಿದ್ದು ಸರಿ,” ಎಂದ ಕದಿರೇಶ. “ನಂಗೆ ಗೊತ್ತು. ಆದ್ರೂ ನಿನ್ನ ನೋಡ್ತಾ ಕೂತ್ಕೊಳಕ್ಕೆ ಆಗಲ್ಲ. ಎದ್ದು ಹೋಗು.”

ಗೋಪಿ ತಂದಿದ್ದ ಬಾಳೆಹಣ್ಣನ್ನು ಮಂಚದ ಪಕ್ಕದಲ್ಲಿಟ್ಟು ಎದ್ದುಹೋದ.

ಹೊರಡುವ ದಿನ ಕದಿರೇಶ ಸ್ಟೋರಿನ ಕಿಟಕಿಯಲ್ಲಿ ಸಮವಸ್ತ್ರ, ಬೆಲ್ಟು, ಕಂಬಳಿ ಒಂದೊಂದಾಗಿ ಒಪ್ಪಿಸಿದ. ಅಲ್ಲಿಂದ ಎರಡು ದಿನದ ಪ್ರಯಾಣ. ಶ್ರೀನಿವಾಸಪುರದ ಬಸ್‌ಸ್ಟ್ಯಾಂಡಿನಲ್ಲಿ ತಂದೆ ಶ್ರೀರಾಮಪ್ಪ ಬೆಳಗಿನಿಂದ ಕಾಯುತ್ತಿದ್ದ. ಮಗನ ಊರುಗೋಲನ್ನು ನೋಡಿ, ನೋಡದವನಂತೆ ಚೀಲ ಇಸಿದುಕೊಂಡ.

“ಗೌನಿಪಲ್ಲಿ ಬಸ್ಸು ಇನ್ನೂ ಅರ್ಧ ಗಂಟೆ ಅದೆ. ಕಾಫಿ ಕುಡೀತೀಯಾ?”

“ಬೇಡಪ್ಪ.”

ಊರಲ್ಲಿ ಯಾರೂ ಆಡಿಕೊಳ್ಳಲಿಲ್ಲ. ಆಡಿಕೊಂಡಿದ್ದರೆ ಜಗಳವಾದರೂ ಆಡಬಹುದಿತ್ತು. ಜನ ಪಾಪ ಎಂದರು, ಮನೆಗೆ ಬಂದು ಕುಳಿತರು, ಕಾಲು ನೋಡಿ ಹೋದರು. ಸೈನ್ಯಕ್ಕೆ ಸೇರಬೇಕೆಂದಿದ್ದ ಹುಡುಗರು ಅಲ್ಲಿ ಹೇಗಿರುತ್ತದೆ ಅಣ್ಣ ಎಂದು ಕೇಳಿದರೆ ಅವನು ಒಳಗೆ ಹೋಗಿ ಮಲಗಿಬಿಡುತ್ತಿದ್ದ. ವಿಚಿತ್ರವೆಂದರೆ, ಯಾವ ಜಾಗದಿಂದ ಓಡಿಹೋಗಬೇಕೆಂದು ದಿನವೂ ಅಂದುಕೊಂಡಿದ್ದನೋ ಅದೇ ಜಾಗಕ್ಕಾಗಿ ಈಗ ಹಂಬಲಿಸುತ್ತಿದ್ದ.

ಗೋಪಿ ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದ. ಐದು ವಾರ ಕದಿರೇಶ ಎತ್ತಲಿಲ್ಲ. ಆರನೇ ವಾರ ಎತ್ತಿದ.

“ಮುಂದಿನ ತಿಂಗಳು ಟ್ರೈನಿಂಗ್ ಮುಗಿದು ಪ್ರಮಾಣ ಮಾಡೋ ಕಸಂ ಪರೇಡು,” ಎಂದ ಗೋಪಿ. “ಅಮ್ಮ ಬರ್ತಾಳೆ. ಅವಳ ಜೊತೆ ನೀನೂ ಬಾರೋ.”

ಕದಿರೇಶ ಹಜಾರದ ಗೋಡೆಗೆ ಒರಗಿ ನಿಂತ. ಅಡುಗೆಮನೆಯಲ್ಲಿ ತಾಯಿ ಪಾತ್ರೆಯ ಸದ್ದು ನಿಲ್ಲಿಸಿದ್ದಳು.

“ಒಳ್ಳೇದಾಗ್ಲಿ ಕಣೋ ನಿಂಗೆ,” ಎಂದ. “ಇನ್ಮೇಲೆ ಫೋನ್ ಮಾಡ್ಬೇಡ.”

ಆ ಕಡೆಯಿಂದ “ಸರಿ” ಎಂದಷ್ಟೇ ಕೇಳಿಸಿತು. ಮುಂದಿನ ಭಾನುವಾರ ಫೋನ್ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ಆ ಎರಡು ದಿನವೂ ಕದಿರೇಶ ಫೋನನ್ನು ಪಕ್ಕದಲ್ಲೇ ಇಟ್ಟುಕೊಂಡು ಸಂಜೆಯವರೆಗೆ ಮನೆಯಿಂದ ಹೊರಗೆ ಹೋಗಲಿಲ್ಲ.