ಕಾಯೊಳಗಿನ ನೀರು ಎಲ್ಲಿ ಹೋಯ್ತು

"ಅಲ್ಲಾಡ್ಸು," ಅಂದರು ಶಂಭುಲಿಂಗಯ್ಯ.

ವರ್ಷಿಣಿ ಮಟ್ಟೆ ಸುಲಿಯದ ತೆಂಗಿನಕಾಯನ್ನು ಎರಡು ಕೈಯಲ್ಲೂ ಹಿಡಿದು ಕಿವಿಯ ಹತ್ತಿರ ತಂದು ಅಲ್ಲಾಡಿಸಿದಳು. ಒಳಗೆ ನೀರು ಕುಳುಕುಳು ಅಂದಿತು.

"ಏನೈತೆ?"

"ನೀರಿದೆ ಸರ್."

"ಈಗ ಇದ್ನ ಅಲ್ಲಾಡ್ಸು." ಮೇಜಿನ ಕೆಳಗಿನಿಂದ ಇನ್ನೊಂದು ಕಾಯಿ ಎತ್ತಿ ಕೊಟ್ಟರು. ಅದು ವರ್ಷವಿಡೀ ಅಟ್ಟದ ಮೇಲೆ ಬಿದ್ದಿದ್ದು ಆಗಷ್ಟೇ ಇಳಿದು ಬಂದ ಕಾಯಿ. ಅಲ್ಲಾಡಿಸಿದರೆ ಒಳಗಿನ ಕೊಬ್ಬರಿ ಗಿಟುಕು ಚಿಪ್ಪಿಗೆ ಬಡಿದು ಲೊಟಲೊಟ ಅಂದಿತು. ನೀರಿನ ಸುಳಿವೇ ಇಲ್ಲ.

"ಇದ್ರಲ್ಲಿದ್ದ ನೀರು ಎಲ್ಲೋಯ್ತು?"

ತಿಪಟೂರಿನ ಕೊಬ್ಬರಿ ಮಂಡಿಯೊಂದರ ಮೇಲಿನ ಕೋಣೆ ಅದು. ಕೆಳಗೆ ಚೀಲ ಹೊರುವವರ ಕೂಗಾಟ, ಮೇಲೆ ಸಂದರ್ಶನ. ಮುಂದೆ ಮೇಷ್ಟ್ರೋ ಟೀಚರೋ ಆಗುತ್ತೇನೆ ಅನ್ನುವ ಹೈಸ್ಕೂಲು ಮಕ್ಕಳಿಗೆ ಮಂಡಿಯ ಯಜಮಾನ ಶಂಭುಲಿಂಗಯ್ಯ ಒಂದು ಸ್ಕಾಲರ್‌ಶಿಪ್ ಇಟ್ಟಿದ್ದರು. ಪಿಯುಸಿಯಿಂದ ಹಿಡಿದು ಬಿ.ಎಡ್. ಮುಗಿಯುವ ತನಕ ಹಾಸ್ಟೆಲ್ಲು, ಫೀಸು, ಪುಸ್ತಕ ಎಲ್ಲ ಅವರದೇ. ಡಾಕ್ಟರಾಗೋರಿಗೆ, ಇಂಜಿನಿಯರಾಗೋರಿಗೆ ಕೊಡುವುದು ಬಿಟ್ಟು ಇದೆಂಥ ಹುಚ್ಚು ಅಂತ ಪಕ್ಕದ ಮಂಡಿಯವರು ಬಾಯಿ ತುಂಬ ನಕ್ಕಿದ್ದರು. ನಗುವಂತೆಯೇ ಆಯಿತು ಬಿಡಿ. ಮೊದಲ ವರ್ಷ ಒಂದು ನರಪಿಳ್ಳೆಯೂ ಅರ್ಜಿ ಹಾಕಲಿಲ್ಲ. ಆಮೇಲಿನ ವರ್ಷ ಒಬ್ಬ ಸಿಕ್ಕಿದ; ಪಿಯುಸಿ ಮುಗಿದದ್ದೇ ತಡ, "ಸಾರಿ ತಾತ" ಅಂತ ಒಂದು ಮೆಸೇಜು ಹಾಕಿ ಇಂಜಿನಿಯರಿಂಗಿಗೆ ಹೊರಟುಹೋದ. ಅದಕ್ಕೇ ಈ ಸಲ ಯಜಮಾನರು ತಾವೇ ಬಂದು ಕೂತಿದ್ದರು. ಅವರ ಎಡಕ್ಕೆ ರಿಟೈರಾದ ಹೆಡ್‌ಮಿಸ್ಟ್ರೆಸ್ ಗುರುಶಾಂತಮ್ಮ, ಬಲಕ್ಕೆ ಈ ಸ್ಕಾಲರ್‌ಶಿಪ್ಪಿನ ಕಾಗದಪತ್ರ ನೋಡಿಕೊಳ್ಳುವ ಕಾಲೇಜು ಲೆಕ್ಚರರ್ ಸೂರ್ಯಪ್ರಕಾಶ್.

ಬೆಳಗಿನಿಂದ ಒಳಗೆ ಬಂದ ಮಕ್ಕಳಿಗೆಲ್ಲ ಇದೇ ಎರಡು ಕಾಯಿ, ಇದೇ ಪ್ರಶ್ನೆ. ಎಲ್ಲರದೂ ಒಂದೇ ಉತ್ತರ. ವರ್ಷಿಣಿಯೂ ಅದನ್ನೇ ಹೇಳಿದಳು.

"ಆವಿಯಾಯ್ತು ಸರ್."

"ಸರಿ. ಯಾವ ಬಾಗ್ಲಲ್ಲಿ ಆಚೆಗೋಯ್ತು? ಚಿಪ್ಪು ಹಂಗೇ ಮುಚ್ಕಂಡೈತಲ್ಲ."

ವರ್ಷಿಣಿ ಕಾಯನ್ನು ತಿರುಗಿಸಿ ನೋಡಿದಳು. "ಕಣ್ಣಿಂದ ಇರ್ಬೇಕು ಸರ್. ತೊಟ್ಟಿನ ಕಡೆ ಮೂರು ಕಣ್ಣಿರ್ತಾವಲ್ಲ, ಅದ್ರಲ್ಲಿ ಒಂದು ಮೆತ್ತಗಿರುತ್ತೆ."

"ಆಚೆಗೋಗಿದ್ದು ನೋಡಿದ್ಯಾ?"

"ಇಲ್ಲ ಸರ್."

"ನೋಡ್ದೆ ಹೆಂಗ್ ಹೇಳ್ತೀಯ?"

ಸೂರ್ಯಪ್ರಕಾಶ್ ಗಡಿಯಾರ ನೋಡಿಕೊಂಡು ಸಣ್ಣಗೆ ಕೆಮ್ಮಿದರು. ವರ್ಷಿಣಿ ಹತ್ತಿರದ ಹಾಲ್ಕುರಿಕೆಯ ಹುಡುಗಿ. ಹಾಸನದಲ್ಲಿ ಲ್ಯಾಬ್ ನಡೆಸುವ ಸೋದರಮಾವ ಮಹಾಂತೇಶ್ ಅಲ್ಲೇ ಪ್ಯಾರಾಮೆಡಿಕಲ್ ಸೀಟು ಹಿಡಿದಿಟ್ಟಿದ್ದ. ಸೋಮವಾರ ಹೋಗಿ ಸೇರಬೇಕು. "ಸ್ಕಾಲರ್‌ಶಿಪ್ ಸಿಕ್ಕುದ್ರೆ ನಿನ್ನಿಷ್ಟ, ಸಿಕ್ಕಲಿಲ್ವಾ, ತುಟಿಪಿಟಿಕ್ ಅನ್ನದೆ ಹಾಸನದ ಬಸ್ ಹತ್ಬೇಕು," ಅಂತ ಅಪ್ಪ ದಯಾನಂದ್ ಖಡಾಖಂಡಿತ ಹೇಳಿಯೇ ಕರೆದುಕೊಂಡು ಬಂದಿದ್ದರು. ಈಗ ಕೆಳಗೆ ಮೆಟ್ಟಿಲ ಹತ್ತಿರ ಕಾಯುತ್ತಿದ್ದರು.

ಟೀಚರೇ ಯಾಕಾಗಬೇಕು ಅಂತ ಗುರುಶಾಂತಮ್ಮ ಮೊದಲೇ ಕೇಳಿಯಾಗಿತ್ತು. ಅದಕ್ಕೆ ವರ್ಷಿಣಿ ದೇಶಸೇವೆ ಗೀಶಸೇವೆ ಅಂತೇನೂ ಹೇಳಿರಲಿಲ್ಲ. "ನಮ್ಮಮ್ಮಂಗೆ ಸ್ಕೂಟಿ ಕಲ್ಸಿದೆ ಮೇಡಂ. ಸುಮಾರು ಸಲ ಬಿದ್ರು, ನನಗೂ ಬೈದ್ರು. ಒಂದಿನ ಮಠದ ತಿರುವಲ್ಲಿ ನಾನು ಹಿಂದಿನ ಸೀಟಿಂದ ಮೆಲ್ಲಗೆ ಇಳ್ದುಬಿಟ್ಟೆ. ಅವ್ರು ಒಬ್ರೇ ಅಷ್ಟು ದೂರ ಹೋಗಿ, ತಿರುಗಿ ನೋಡಿ, ನಾನಿಲ್ಲ ಅಂತ ಗೊತ್ತಾದಾಗ ಅವ್ರ ಮುಖ ನೋಡ್ಬೇಕಿತ್ತು. ಅದನ್ನ ದಿನಾ ನೋಡ್ಬೇಕು ಅನ್ಸುತ್ತೆ." ಗುರುಶಾಂತಮ್ಮನಿಗೆ ನಗು ಬಂದಿತ್ತು. ಜೊತೆಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಗಿತ್ತು. ಅಷ್ಟು ವರ್ಷ ಪಾಠ ಮಾಡಿದರೂ ಇಷ್ಟು ಚೆನ್ನಾಗಿ ತಮಗೆ ಹೇಳಲು ಬಂದಿರಲಿಲ್ಲ.

ಆದರೆ ಈ ಕಾಯಿಯ ಪ್ರಶ್ನೆಗೆ ಸ್ಕೂಟಿ ಕಥೆ ನಡೆಯುವಂತಿರಲಿಲ್ಲ. ವರ್ಷಿಣಿ ಕಾಯನ್ನೂ ಯಜಮಾನರ ಮುಖವನ್ನೂ ಒಂದೊಂದು ಸಲ ನೋಡಿದಳು. ಬಾಯಿ ತಪ್ಪಿ ಸರ್ ಹೋಗಿ ತಾತ ಬಂದುಬಿಟ್ಟಿತು.

"ನಿಮಗೆ ಗೊತ್ತಾ ತಾತ?"

"ನಂಗೊತ್ತಿದ್ರೆ ನಿನ್ನ ಯಾಕವ್ವ ಕೇಳ್ಲಿ?"

ಸೂರ್ಯಪ್ರಕಾಶ್ ಪೆನ್ನು ಕೆಳಗಿಟ್ಟರು. ಇದು ಮಕ್ಕಳಿಗೆ ಕೊಟ್ಟ ಪರೀಕ್ಷೆ, ಉತ್ತರ ಯಜಮಾನರ ಜೇಬಿನಲ್ಲಿದೆ ಅಂತಲೇ ಅವರೂ ಗುರುಶಾಂತಮ್ಮನೂ ತಿಳಿದಿದ್ದರು. ಅಲ್ಲ ರೀ, ಕೊಬ್ಬರಿ ವ್ಯಾಪಾರದಲ್ಲೇ ಕೂದಲು ಬೆಳ್ಳಗಾದ ಮನುಷ್ಯನಿಗೆ ಕೊಬ್ಬರಿ ಹೇಗಾಗುತ್ತೆ ಅಂತ ಗೊತ್ತಿಲ್ಲ ಅಂದರೆ ಯಾರು ತಾನೇ ನಂಬುತ್ತಾರೆ?

"ನಾಕ್ನೇ ಕ್ಲಾಸಲ್ಲಿ ನಮ್ಮೇಷ್ಟ್ರನ್ನ ಕೇಳ್ದೆ," ಅಂದರು ಶಂಭುಲಿಂಗಯ್ಯ. "ತಲೆಹರಟೆ ಅಂತ ಬೈದು ಬಾಗ್ಲಾಚೆ ಕೈ ಕಟ್ಕಂಡು ನಿಂತ್ಕೋ ಅಂದ್ರು. ಸಂಜೆಗಂಟ ನಿಂತಿದ್ದೆ. ಆಮೇಲೆ ಇಸ್ಕೂಲು ಬುಟ್ಟೆ, ವ್ಯಾಪಾರ ಹಿಡ್ದೆ. ಕೇಳದ್ನೂ ಬುಟ್ಟೆ. ಈ ಇಸ್ಕೂಲು ಮಕ್ಳು ಬತ್ತಾರಲ್ಲ, ಯಾರಾದ್ರೂ ಒಬ್ರು ಹೇಳ್ತಾರೇನೋ ಅಂದ್ಕಂಡೆ." ಹೇಳಿದ ಮೇಲೆ ಅವರಿಗೇ ಮುಜುಗರವಾಗಿ ಹೆಗಲ ಮೇಲಿನ ಟವೆಲಿನಲ್ಲಿ ಮುಖ ಒರೆಸಿಕೊಂಡರು.

ವರ್ಷಿಣಿಗೆ ತಾನು ಸಂದರ್ಶನಕ್ಕೆ ಬಂದಿದ್ದೇ ಮರೆತುಹೋಯಿತು. ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು.

"ಕೊಬ್ಬರೀನೇ ನೀರು ಕುಡ್ಕೊಂಡಿರಬಹುದಲ್ವಾ ತಾತ?"

"ಕುಡ್ಕಂಡಿದ್ರೆ ಕಾಯಿ ತೂಕ ಯಾಕೆ ಇಳೀತದೆ?"

"ಮಟ್ಟೆ ಒಣಗಿ ಇಳ್ದಿರಬಹುದು."

"ಅದೂ ಸೈ."

"ಹಂಗಾದ್ರೆ ಎರಡು ಕಾಯಿ ಪೂರ್ತಿ ಸುಲ್ದು, ಒಂದ್ರ ಕಣ್ಣಿಗೆ ಮೇಣ ಮೆತ್ತಿ, ಒಂದನ್ನ ಹಂಗೇ ಬಿಟ್ಟು..."

"ಸುಲ್ದು ಅಟ್ಟಕ್ಕಾಕಿದ್ರೆ ಬಿರಿದೋಯ್ತವೆ ಕಣವ್ವ. ತೊಟ್ಟಿನ್ ಕಡೆ ಮಾತ್ರ ಮಟ್ಟೆ ಬಿಡಿಸಿ ಕಣ್ಣು ಕಾಣಂಗೆ ಮಾಡನ. ಎರಡೂ ಒಂದೇ ಗೊನೇವು ಆಗ್ಬೇಕು. ಬಾ ಇತ್ಲಾಗೆ."

ಯಜಮಾನರು ಎದ್ದೇಬಿಟ್ಟರು. ಮಂಡಿನೋವು ಅಂತ ಬೆಳಿಗ್ಗೆ ಮೆಟ್ಟಿಲು ಹತ್ತಲು ಹುಡುಗರ ಹೆಗಲು ಹಿಡಿದಿದ್ದವರು ಈಗ ಧಡಧಡ ಇಳಿದರು. ಹಿಂದೆಯೇ ವರ್ಷಿಣಿ, ಅವಳ ಹಿಂದೆ ಗುರುಶಾಂತಮ್ಮ. ಕೆಳಗೆ ಮಂಡಿಯಲ್ಲಿ ಕಾಯಿ ಬಂತು, ಮಚ್ಚು ಬಂತು, ದೇವರ ಗೂಡಿನಿಂದ ಮೇಣದಬತ್ತಿ ಬಂತು. ಒಂದರ ಮೂರೂ ಕಣ್ಣಿಗೆ ವರ್ಷಿಣಿ ಮೇಣ ತೊಟ್ಟಿಕ್ಕಿಸಿ ಹೆಬ್ಬೆರಳಲ್ಲಿ ಒತ್ತಿದಳು. ಬಿಸಿ ತಾಗಿ "ಉಶ್" ಅಂದಳೇ ಹೊರತು ಕೈ ತೆಗೆಯಲಿಲ್ಲ. ಕೊಬ್ಬರಿ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಎರಡನ್ನೂ ಒಂದೊಂದಾಗಿ ಇಟ್ಟು ತೂಕ ಬರೆದುಕೊಂಡಳು. ಒಂದು ಮೇಣದ್ದು, ಒಂದು ಬರೀದು.

"ಉತ್ತರ ಯಾವಾಗ ಗೊತ್ತಾಯ್ತದೆ?" ಅಂತ ಕೇಳಿದರು ಶಂಭುಲಿಂಗಯ್ಯ.

"ಕಾಯಿ ಒಣಗಿದ ಮೇಲೆ ತಾತ. ತಿಂಗಳಿಗೊಂದ್ಸಲ ತೂಕ ಹಾಕ್ತಾ ಇರ್ಬೇಕು."

"ಅಂದ್ರೆ ಮುಂದಿನ್ ವರ್ಷ. ಸರಿ ಬುಡು," ಅಂತ ಟವೆಲು ಕೊಡವಿದರು ಯಜಮಾನರು. "ಉತ್ತರ ತಗಂಡು ಬಾ, ಸ್ಕಾಲರ್‌ಶಿಪ್ ಮಾತಾಡನ."

ಹಾಗಾದರೆ ವರ್ಷಿಣಿಗೆ ಸೋಮವಾರ ಹಾಸನದ ಬಸ್ಸೇ ಗತಿ. ಅವರು ತಮಾಷೆ ಮಾಡುತ್ತಿರಲಿಲ್ಲ. ಮಾಲು ಬರದೆ ಮಾತಿಲ್ಲ ಅನ್ನುವುದು ಅವರು ಮಂಡಿಯಲ್ಲಿ ಬದುಕಿದ ರೀತಿ. ಅದರಲ್ಲಿ ಕೆಟ್ಟ ಬುದ್ಧಿ ಇರಲಿಲ್ಲ. ಮೆಟ್ಟಿಲಲ್ಲಿ ನಿಂತಿದ್ದ ಸೂರ್ಯಪ್ರಕಾಶ್‌ಗೆ ಇದೇ ಬೇಕಾಗಿತ್ತು. "ಈ ವರ್ಷದ್ದು ಈ ವರ್ಷವೇ ಕೊಡಬೇಕಲ್ಲ ಸರ್. ಬೆಳಿಗ್ಗೆ ಬಂದಿದ್ದ ಆ ಸಿದ್ದಾರ್ಥ್ ಒಳ್ಳೇ ಮಾರ್ಕ್ಸ್ ತಗೊಂಡಿದ್ದಾನೆ, ಉತ್ತರವನ್ನೂ ನೀಟಾಗಿ ಹೇಳಿದ," ಅಂದರು. ಮೆಡಿಕಲ್ ಸೀಟು ಸಿಕ್ಕಿದರೆ ಏನು ಮಾಡುತ್ತೀಯಪ್ಪ ಅಂತ ಗುರುಶಾಂತಮ್ಮ ಕೇಳಿದಾಗ ಆ ಹುಡುಗ ಫ್ಯಾನು ನೋಡುತ್ತಾ ಕೂತಿದ್ದ. ಅದನ್ನು ಸೂರ್ಯಪ್ರಕಾಶ್ ಹೇಳಲಿಲ್ಲ.

ವರ್ಷಿಣಿ ನಮಸ್ಕಾರ ಮಾಡಿ ಹೊರಗೆ ಬಂದಳು. ದಯಾನಂದ್ ಎಲ್ಲ ಕೇಳಿಸಿಕೊಂಡಿದ್ದರು.

"ಅಲ್ಲ ಕಣೇ, ಆವಿ ಅಂತ ಒಂದ್ಮಾತು ಹೇಳಿ ಎದ್ದು ಬರಕ್ಕಾಗ್ಲಿಲ್ವಾ ನಿಂಗೆ? ಯಾವೋಳು ಹೇಳಿದ್ಲು ಮೇಣ ಹಚ್ಚು ಅಂತ? ನಿನ್ನ ಕಾಲ್ಗೆ ನೀನೇ ಕೊಡ್ಲಿ ಹಾಕ್ಕಂಡೆ!"

ಅಪ್ಪ ಬೈದಿದ್ದು ಹಾಸನಕ್ಕೆ ಕಳಿಸಲು ಅವರಿಗೂ ಮನಸ್ಸಿಲ್ಲದ್ದಕ್ಕೆ. ಅದು ಗೊತ್ತಿದ್ದರಿಂದಲೇ ವರ್ಷಿಣಿಗೆ ಅಳು ತಡೆಯಲಾಗಲಿಲ್ಲ. ಚೀಲಗಳ ಮರೆಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತಳು. ದುಪಟ್ಟಾದಲ್ಲಿ ಮೂಗು ಒರೆಸಿಕೊಂಡಳು. ಹೆಬ್ಬೆರಳಿಗೆ ಅಂಟಿದ್ದ ಮೇಣವನ್ನು ಉಗುರಿನಲ್ಲಿ ಕೆರೆದಳು. ಕೆರೆಯುತ್ತಾ ಕೆರೆಯುತ್ತಾ ಏನೋ ಹೊಳೆದು, ಅಪ್ಪ "ಎಲ್ಲಿಗೇ?" ಅನ್ನುವಷ್ಟರಲ್ಲಿ ಸೀದಾ ಒಳಗೆ ನುಗ್ಗಿದಳು.

ಯಜಮಾನರು ಗಾದಿಯ ಮೇಲೆ ಕೂತು ಮೇಣವಿಲ್ಲದ ಬರೀದನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು.

"ತಾತ, ಆ ಎರಡು ಕಾಯಿ ನಂಗೆ ಕೊಡಿ."

"ಯಾಕೆ?"

"ಸೋಮವಾರ ಹಾಸನಕ್ಕೆ ಹೋಗ್ತೀನಿ. ಅಲ್ಲೇ ನಮ್ಮಾವನ ಮನೇಲಿ ಇಟ್ಕೊಂಡು ತೂಕ ಹಾಕ್ತೀನಿ. ಗೊತ್ತಾದ್ಮೇಲೆ ಫೋನ್ ಮಾಡಿ ಹೇಳ್ತೀನಿ."

"ಸ್ಕಾಲರ್‌ಶಿಪ್ಪು?"

"ಅದು ಬೇರೆ ಯಾರಿಗಾದ್ರೂ ಕೊಡಿ. ನಂಗೆ ಕಾಯಿ ಕೊಡಿ. ಇಲ್ಲಿ ಬಿಟ್ರೆ ನಿಮ್ಮೋರು ಯಾವುದೋ ಲೋಡಿಗೆ ಹಾಕಿ ದೆಹಲಿಗೆ ಕಳಿಸ್ಬಿಡ್ತಾರೆ." ಮೇಣದ ಕಾಯಿ ಆಗಲೇ ಅವಳ ಕಂಕುಳಲ್ಲಿತ್ತು.

"ಏಯ್ ಏಯ್, ಮಡ್ಗು ಅಲ್ಲಿ! ನಮ್ಮ ಕಾಯಿ ಹಾಸನಕ್ಯಾಕೋಯ್ತವೆ?" ಯಜಮಾನರು ಬರೀದನ್ನು ಎದೆಗವಚಿಕೊಂಡರು. "ನಂಗೂ ನೋಡ್ಬೇಕಲ್ವಾ?"

"ಹಂಗಾದ್ರೆ ತೂಕ ಯಾರು ನೋಡ್ತಾರೆ? ನೀವು ಅಲ್ಲಾಡಿಸ್ತಾ ಕೂತ್ರೆ ಕೊಬ್ಬರಿ ಚೂರಾಗುತ್ತೆ."

ಆ ಕಡೆ ಅವಳು ಒಂದು ಕಾಯಿ ಬಿಡಳು, ಈ ಕಡೆ ಇವರು ಇನ್ನೊಂದು ಬಿಡರು. ಚೀಲ ಹೊರುತ್ತಿದ್ದವರೂ ನಿಂತು ನೋಡುತ್ತಿದ್ದರು. ಗುರುಶಾಂತಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೂ ನಕ್ಕೂ ಕಣ್ಣಲ್ಲಿ ನೀರು ತರಿಸಿಕೊಂಡರು.

"ಶಂಭುಲಿಂಗಯ್ಯನೋರೆ, ಅವಳಿಗೆ ಉತ್ತರ ಬೇಕು, ನಿಮಗೂ ಬೇಕು. ಕಾಯಿ ಇಲ್ಲಿರ್ಬೇಕು ಅಂದ್ರೆ ಹುಡುಗೀನೂ ಇಲ್ಲೇ ಇರ್ಬೇಕು. ಇನ್ನೇನು ನೋಡ್ತೀರಿ?"

ಯಜಮಾನರು ಕೈಲಿದ್ದ ಕಾಯನ್ನು ವರ್ಷಿಣಿಯ ಇನ್ನೊಂದು ಕಂಕುಳಿಗೆ ತಾವೇ ಕೊಟ್ಟರು.

"ಸೂರ್ಯಪ್ರಕಾಶ್, ಈ ಹುಡ್ಗಿ ಹೆಸ್ರು ಬರ್ಕಳಪ್ಪ," ಅಂದರು.

ವರ್ಷಿಣಿ ತಿಪಟೂರಿನಲ್ಲೇ ಪಿಯುಸಿಗೆ ಸೇರಿದಳು. ತಿಂಗಳಿಗೊಂದು ಶನಿವಾರ ಕಾಲೇಜು ಬಿಟ್ಟ ಮೇಲೆ, ಬೆನ್ನಿಗೆ ಬ್ಯಾಗು ಹಾಕಿಕೊಂಡೇ ಮಂಡಿಗೆ ಬರುತ್ತಿದ್ದಳು. ಕಾಯಿಗಳು ಮೇಲಿನ ಅಟ್ಟದಲ್ಲಿ ಬೇರೆಯಾಗೇ ಇದ್ದವು. ಮುಟ್ಟಿದವರ ಕೈ ಮುರೀತೀನಿ ಅಂತ ಯಜಮಾನರ ಅಪ್ಪಣೆಯಾಗಿತ್ತು. ಆ ಅಪ್ಪಣೆಯನ್ನು ಮೀರುತ್ತಿದ್ದವರು ಅವರೊಬ್ಬರೇ.

ಸಂಕ್ರಾಂತಿ ಕಳೆದ ಮೇಲೆ ಒಂದು ಶನಿವಾರ ಅವಳು ಬಂದಾಗ ಶಂಭುಲಿಂಗಯ್ಯ ಕಾಯಿ ಇಳಿಸಿಟ್ಟುಕೊಂಡು, ತಕ್ಕಡಿ ಒರೆಸಿಕೊಂಡು ಕಾಯುತ್ತಿದ್ದರು. ಒಂದು ಕಾಯಿ ಆಗಲೇ ಅವರ ಕಿವಿಯ ಹತ್ತಿರವಿತ್ತು.

"ತಾತ! ಅಲ್ಲಾಡಿಸ್ಬೇಡಿ ಅಂತ ಎಷ್ಟು ಸಲ ಹೇಳ್ಲಿ ನಿಮಗೆ?"

"ಇಲ್ಲ ಕಣವ್ವ, ಧೂಳು ಒರೆಸ್ತಿದ್ದೆ."

"ಸುಳ್ಳು. ಇಡಿ ಕೆಳಗೆ."

ಇಟ್ಟರು. ವರ್ಷಿಣಿ ಬ್ಯಾಗು ಬಿಚ್ಚಿ, ಬರೀದನ್ನು ತೂಗಿ ಬರೆದುಕೊಂಡಳು. ಆಮೇಲೆ ಮೇಣದ್ದನ್ನು ತಕ್ಕಡಿಯ ಮೇಲಿಟ್ಟಳು. ಕೆಂಪು ಅಂಕಿಗಳು ಓಡಿ ಓಡಿ ನಿಂತವು. ಅವಳು ಹಳೆಯ ತೂಕವನ್ನೊಮ್ಮೆ ನೋಡಿದಳು, ಅಂಕಿಯನ್ನೊಮ್ಮೆ ನೋಡಿದಳು, ಹುಬ್ಬು ಮೇಲೆ ಹೋಯಿತು.

"ಏನಾಯ್ತು? ಇಳಿದೈತಾ? ಹೇಳೇ."

ವರ್ಷಿಣಿ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

"ನೀವೇ ನೋಡಿ ತಾತ."

ಶಂಭುಲಿಂಗಯ್ಯ ಕನ್ನಡಕ ಸರಿಮಾಡಿಕೊಂಡು ಮುಂದಕ್ಕೆ ಬಂದರು. ಕೈಗಳು ತಾವಾಗಿಯೇ ಕಾಯಿಯ ಕಡೆ ಹೋದವು. ವರ್ಷಿಣಿ ಒಮ್ಮೆ ನೋಡಿದಳು, ಅಷ್ಟೇ. ಅವರು ಎರಡು ಕೈಯನ್ನೂ ಎದೆಯ ಮೇಲೆ ಕಟ್ಟಿಕೊಂಡು, ತಕ್ಕಡಿಯ ಮುಂದೆ ಬಗ್ಗಿ ನಿಂತು, ಅಂಕಿಯನ್ನು ಒಂದೊಂದಾಗಿ ಓದತೊಡಗಿದರು.