ದುಂಡಮ್ಮನ ಪಾಳಿ

ಭಾನುವಾರ ಮಧ್ಯಾಹ್ನ ಕಲಬುರಗಿಯ ದೊಡ್ಡ ಸರ್ಕಾರಿ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ನಿದ್ದೆ ಮಾಡುವುದೆಂದರೆ ಸುಮ್ಮನೆ ಮಾತಲ್ಲ. ಊಟ ಮುಗಿದು ರೋಗಿಗಳಿಗೆ ಇನ್ನೇನು ಕಣ್ಣು ಹತ್ತಬೇಕು, ಅಷ್ಟರಲ್ಲಿ ಮೆಥಡಿಸ್ಟ್ ಚರ್ಚಿನ ಮಹಿಳಾ ಸಂಘದವರು ಬರುತ್ತಾರೆ. ಅವರು ಒಂದು ಕೀರ್ತನೆ ಹಾಡಿ, ಪ್ರಾರ್ಥನೆ ಮಾಡಿ, ಬ್ರೆಡ್ಡಿನ ಪ್ಯಾಕೆಟ್ಟು ಹಂಚಿ ಬಾಗಿಲು ದಾಟುವ ಹೊತ್ತಿಗೆ ಕ್ಯಾಥೊಲಿಕ್ ಕಾನ್ವೆಂಟಿನ ಸಿಸ್ಟರುಗಳು ಒಳಗೆ ಕಾಲಿಡುತ್ತಾರೆ. ಅವರ ಬೆನ್ನಿಗೇ ಕೋಟನೂರಿನ ಪೆಂಟೆಕೋಸ್ಟ್ ಸಭೆಯವರು, ಬಿಳಿ ಸೀರೆ ಉಟ್ಟು, ಮೈಮೇಲೆ ಒಂದೆಳೆ ಚಿನ್ನವಿಲ್ಲದೆ. ಇವರ ಪ್ರಾರ್ಥನೆ ಜೋರು, ಪಕ್ಕದ ವಾರ್ಡಿಗೂ ಅದರ ಪಾಲು ಸಿಗುತ್ತದೆ. ಮೂರೂ ಕಡೆಯವರು ತರುವುದು ಬ್ರೆಡ್ಡೇ. ಅತಿಯಾದರೆ ಅಮೃತವೂ ವಿಷ. ಭಾನುವಾರ ವಾರ್ಡಿನ ತುಂಬ ಬ್ರೆಡ್ಡು, ಸೋಮವಾರದಿಂದ ಶನಿವಾರದ ತನಕ ಏನು ಎತ್ತ ಎಂದು ಕೇಳುವವರಿಲ್ಲ.

ಮೆಥಡಿಸ್ಟರ ಗುಂಪಿನ ಮುಂದಾಳು ಗಾಜಿಪುರದ ಕಸ್ತೂರಿಬಾಯಿ. ಕನ್ನಡ ಶಾಲೆಯ ನಿವೃತ್ತ ಟೀಚರು, ಅರವತ್ತು ದಾಟಿದವರು, ಸಿಟ್ಟು ಮೂಗಿನ ತುದಿಯಲ್ಲೇ. ಈ ವಾರ್ಡಿಗೆ ಮೊದಲು ಬಂದವರು ತಾವು, ಉಳಿದವರೆಲ್ಲ ಹಿಂದಿನಿಂದ ಬಂದು ಸೇರಿಕೊಂಡವರು ಎಂಬುದು ಅವರ ಗಟ್ಟಿ ನಂಬಿಕೆ. ಆದರೆ ಪ್ರತಿ ಭಾನುವಾರ ಅವರು ಅವಸರ ಮಾಡಿ ವಾರ್ಡಿನಿಂದ ಹೊರಬೀಳುತ್ತಿದ್ದುದಕ್ಕೆ ಕಾರಣ ಬೇರೆ ಇತ್ತು. ಬಿಳಿ ಸೀರೆಯವರಲ್ಲಿ ಅವರ ಒಡಹುಟ್ಟಿದ ತಂಗಿ ಸಾವಿತ್ರಿಬಾಯಿ ಇದ್ದಳು.

ಇಬ್ಬರೂ ಪಾದ್ರಿಯ ಮಕ್ಕಳು. ಎಳೆಗೂಸಾಗಿದ್ದಾಗಲೇ ಇಬ್ಬರ ನೆತ್ತಿಯ ಮೇಲೂ ಅಪ್ಪನೇ ನೀರು ಚಿಮುಕಿಸಿ ದೀಕ್ಷಾಸ್ನಾನ ಕೊಟ್ಟಿದ್ದ. ಗಂಡ ತೀರಿದ ಮೇಲೆ ಸಾವಿತ್ರಿ ಕೋಟನೂರಿನ ಸಭೆಗೆ ಹೋಗತೊಡಗಿದಳು. ಅಲ್ಲಿ ಅವರು, ಕೂಸಿಗೆ ಹಾಕಿದ ನೀರು ನಡೆಯುವುದಿಲ್ಲ, ತಿಳಿದು ನಂಬಿ ಮುಳುಗಬೇಕು ಎಂದರು. ಅವಳು ಹೋಗಿ ಹೊಲದ ಬಾವಿಯಲ್ಲಿ ಮುಳುಗಿ ಎದ್ದು ಬಂದಳು. ಅಪ್ಪ ಆಗಿನ್ನೂ ಬದುಕಿದ್ದ. ಒಂದು ಮಾತೂ ಆಡಲಿಲ್ಲ, ಎರಡು ದಿನ ಸರಿಯಾಗಿ ಉಣ್ಣಲಿಲ್ಲ ಅಷ್ಟೆ. ಅಕ್ಕನಿಗೆ ಮಾತ್ರ ತಡೆಯಲಾಗಲಿಲ್ಲ. "ಅಪ್ಪ ಹಾಕಿದ ನೀರು ನೀರಲ್ಲೇನು?" ಎಂದು ಕೇಳಿದ್ದೇ ಕೊನೆಯ ಮಾತು. ಅಪ್ಪನ ಮಣ್ಣಿನ ದಿನ ಇಬ್ಬರೂ ಪೆಟ್ಟಿಗೆಯ ಆ ಕಡೆ ಈ ಕಡೆ ನಿಂತು ಅತ್ತರು, ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅದಾಗಿ ಏಳೆಂಟು ವರ್ಷ. ಭಾನುವಾರ ತಂಗಿಯ ಬೋಳು ಕಿವಿ ಕಣ್ಣಿಗೆ ಬಿದ್ದರೆ ಆ ರಾತ್ರಿ ಕಸ್ತೂರಿಬಾಯಿಗೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ತಾನಾಗಿ ಮಾತಾಡಿಸಲು ಅಭಿಮಾನ ಬಿಡುತ್ತಿರಲಿಲ್ಲ.

ಹೀಗಿರುವಾಗ ಕಮಲಾಪುರದ ದುಂಡಮ್ಮ ಎಂಬ ಮುದುಕಿ ಆ ವಾರ್ಡಿಗೆ ಬಂದಳು. ಅಂಗಳದಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದಿತ್ತು. ಕಾಲಿಗೆ ತೂಕ ಕಟ್ಟಿ ಅಲುಗಾಡದಂತೆ ಮಲಗಿಸಿದ್ದರು. ಬಾಯಿ ಮಾತ್ರ ಯಾವ ತೂಕಕ್ಕೂ ಜಗ್ಗುತ್ತಿರಲಿಲ್ಲ. ನೋಡಿಕೊಳ್ಳಲು ಸೊಸೆ ಅಂಬಿಕಾ ಜೊತೆಗಿದ್ದಳು. ಅವಳ ಗಂಡ, ಅಂದರೆ ದುಂಡಮ್ಮನ ಮಗ ಸಿದ್ದಣ್ಣನಿಗೆ ಹೆಂಗಸರ ವಾರ್ಡಿನಲ್ಲಿ ಉಳಿಯಲು ಅನುಮತಿ ಇರಲಿಲ್ಲ, ಹೀಗಾಗಿ ಹಗಲೂ ರಾತ್ರಿ ಅವಳೇ.

ಆ ಭಾನುವಾರ ಮೂರನೆಯ ಬ್ರೆಡ್ಡು ಕೈಗೆ ಬಂದಾಗ ಅಂಬಿಕಾ ಅದನ್ನು ಹಿಂದಕ್ಕೆ ಕೊಟ್ಟುಬಿಟ್ಟಳು. ಮರೆತ ಕೀರ್ತನೆ ಪುಸ್ತಕ ಒಯ್ಯಲು ಕಸ್ತೂರಿಬಾಯಿ ಆಗತಾನೇ ಮರಳಿ ಬಂದಿದ್ದರು, ಸಿಸ್ಟರುಗಳು ಇನ್ನೂ ಹೊರಟಿರಲಿಲ್ಲ. ಮೂರೂ ಕಡೆಯವರು ಒಂದೇ ಮಂಚದ ಸುತ್ತ ನಿಂತಿದ್ದರು.

"ಅಕ್ಕಾರ, ಬ್ರೆಡ್ ಸಾಕ್ರಿ," ಎಂದಳು ಅಂಬಿಕಾ. "ಒಂದು ದಿನ ಯಾರರ ಇಲ್ಲಿ ಕುಂದರ್ರಿ. ನನ್ನ ಮಗಳ ಕುಬುಸ ಅದ. ತಾಯಿ ಆಗಿ ನಾ ಇಲ್ಲಂದ್ರ ಆಕಿ ಉಡಿ ಯಾರು ತುಂಬಬೇಕು?"

ಮಗಳು ಸೌಂದರ್ಯಾಳಿಗೆ ಚೊಚ್ಚಲ ಬಸಿರು. ತವರಿನವರು ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬುವ ಈ ಕುಬುಸದ ಶಾಸ್ತ್ರ ಗುರುವಾರಕ್ಕೆ ನಿಗದಿಯಾಗಿತ್ತು. ಏಳನೆಯ ತಿಂಗಳು ಮುಗಿಯಲು ಬಂದಿದ್ದರಿಂದ ಮುಂದೂಡುವಂತಿರಲಿಲ್ಲ. ನೆಂಟರೆಲ್ಲ ಕುಬುಸಕ್ಕೇ ಹೋಗುವವರು, ಮುದುಕಿಯ ಬಳಿ ಕೂರಲು ಯಾರೂ ಉಳಿದಿರಲಿಲ್ಲ. ಇದನ್ನೆಲ್ಲ ಹೇಳಿ ಅಂಬಿಕಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಪ್ರಾರ್ಥನೆ ಬೇಕೆಂದಿದ್ದರೆ ಮೂರೂ ಗುಂಪು ತಕ್ಷಣ ಕಣ್ಣು ಮುಚ್ಚುತ್ತಿದ್ದವು. ಕೂರಬೇಕೆಂದರೆ ಒಬ್ಬರ ಮುಖ ಒಬ್ಬರು ನೋಡುವಂತಾಯಿತು. ಮಂಗಳೂರು ಕಡೆಯ ಸಿಸ್ಟರ್ ಜೆಸಿಂತಾ ಮೊದಲು ಬಾಯಿ ತೆರೆದರು.

"ನಾವು ಇಷ್ಟು ಜನ ಇದ್ದೇವೆ ಮಾರಾಯ್ರೆ, ಪಾಳಿ ಹಾಕಿಕೊಂಡರೆ ಆಗುವುದಿಲ್ಲವಾ?"

ನಿಂತ ನಿಲುವಿನಲ್ಲೇ ಅವರು ಪಾಳಿ ಹಂಚಿದರು. ಬುಧವಾರ ಮಧ್ಯಾಹ್ನ ಅಂಬಿಕಾ ಹೊರಟರೆ ಸಂಜೆಯವರೆಗೆ ತಾವು. ರಾತ್ರಿ ಯಾರು ಎಂದಾಗ ಸಾವಿತ್ರಿಬಾಯಿ ಮೆಲ್ಲಗೆ, ನಮ್ಮ ಸಭೆಯಲ್ಲಿ ಉಪವಾಸ ಪ್ರಾರ್ಥನೆಗೆ ರಾತ್ರಿಯೆಲ್ಲ ಎಚ್ಚರಿದ್ದು ರೂಢಿ ಇದೆ, ನಾನು ಇರುತ್ತೇನೆ ಎಂದಳು. ಗುರುವಾರ ಬೆಳಗಿನಿಂದ ಸಂಜೆಯವರೆಗಿನ ಪಾಳಿ ಕಸ್ತೂರಿಬಾಯಿಯ ಕೊರಳಿಗೆ ಬಿತ್ತು. ಅಂದರೆ ತಂಗಿ ಎದ್ದ ಕುರ್ಚಿಯಲ್ಲಿ ಅಕ್ಕ ಕೂರಬೇಕು. ವರಾಂಡದಲ್ಲಿ ಅವರು ಸಿಸ್ಟರನ್ನು ತಡೆದು, ನನ್ನ ಪಾಳಿಯನ್ನೂ ನೀವೇ ಹಿಡಿಯಿರಿ ಎಂದು ಕೇಳಿಯೂ ನೋಡಿದರು. ಗುರುವಾರ ದಿನವಿಡೀ ಶಾಲೆಯಿದೆ, ಆಗುವುದಿಲ್ಲ ಎಂದು ಸಿಸ್ಟರ್ ಹೊರಟುಹೋದರು. ಮಹಿಳಾ ಸಂಘದಲ್ಲೂ ಗೊಣಗಾಟವಾಯಿತು. ಆ ಬಿಳಿ ಸೀರೆಯವರಿಗೂ ನಮಗೂ ಎಣ್ಣೆ ಸೀಗೆಕಾಯಿ, ಕೂಡಿ ಕೆಲಸ ಮಾಡುವುದೆಂತು ಎಂದು ಒಬ್ಬರು ಕೇಳಿದರು. ಮಾತು ಕೊಟ್ಟಾಗಿದೆ ಎಂದಷ್ಟೇ ಹೇಳಿ ಕಸ್ತೂರಿಬಾಯಿ ಎದ್ದರು.

ಅವರಿಗೆ ಇನ್ನೊಂದು ಚಿಂತೆಯೂ ಹತ್ತಿತ್ತು. ದುಂಡಮ್ಮ ಕೊರಳಲ್ಲಿ ಲಿಂಗ ಕಟ್ಟಿದವಳು. ಬೆಳಗ್ಗೆ ಲಿಂಗಕ್ಕೆ ನೀರೆರೆದು, ಹಣೆಗೆ ವಿಭೂತಿ ಧರಿಸದೆ ಬಾಯಿಗೆ ಏನೂ ಹಾಕುವವಳಲ್ಲ. ಕೈಗೆಟುಕದ ಚೀಲದಲ್ಲಿ ವಿಭೂತಿ, ಅದನ್ನು ಯಾರಾದರೂ ತೆಗೆದುಕೊಡಬೇಕು. ಸಾವಿತ್ರಿಯಂಥ ಕಟ್ಟುನಿಟ್ಟಿನವಳು ಅದನ್ನು ಮುಟ್ಟುತ್ತಾಳೆಯೇ? ಮುದುಕಿಯನ್ನು ಹಸಿದ ಹೊಟ್ಟೆಯಲ್ಲಿ ಮಲಗಿಸಿ ಉಪದೇಶ ಮಾಡಿದರೆ ಮೂರೂ ಚರ್ಚುಗಳ ಮಾನ ಹರಾಜು. ಗುರುವಾರ ಕಸ್ತೂರಿಬಾಯಿ ಬೇಗನೇ ಆಟೋ ಹಿಡಿದರು. ಜಗತ್ ಸರ್ಕಲ್ಲಿನಲ್ಲಿ ಅಂಗಡಿಗಳ ಶೆಟರು ಇನ್ನೂ ಎದ್ದಿರಲಿಲ್ಲ.

ಹೋಗಿ ನೋಡಿದರೆ ದುಂಡಮ್ಮನ ಹಣೆಯ ಮೇಲೆ ಮೂರು ಗೆರೆ ವಿಭೂತಿ ಬೆಳ್ಳಗೆ ಹೊಳೆಯುತ್ತಿತ್ತು. ಸಾವಿತ್ರಿ ಹೊದಿಕೆ ಮಡಚುತ್ತಿದ್ದಳು, ಅಕ್ಕನನ್ನು ಕಂಡು ಕಿಟಕಿಯ ಕಡೆ ತಿರುಗಿಕೊಂಡಳು. ಆದರೆ ಪಾಳಿ ಬಿಡುವವರು ಹಿಡಿಯುವವರಿಗೆ ರೋಗಿಯ ವಿಷಯ ಹೇಳಿಯೇ ಹೋಗಬೇಕು ಎಂದು ವಾರ್ಡಿನ ನರ್ಸಮ್ಮ ತಾಕೀತು ಮಾಡಿದ್ದಳು.

"ಅಜ್ಜಿ, ಬೆಳಗಿನ ಗುಳಿಗಿ ಆಗ್ಯಾವ ಅಂತ ಹೇಳ್ರಿ," ಎಂದಳು ಸಾವಿತ್ರಿ, ಕಿಟಕಿಗೆ.

"ಅಜ್ಜಿ, ರಾತ್ರಿ ನಿದ್ದಿ ಬಂತೇನು ಕೇಳ್ರಿ," ಎಂದರು ಕಸ್ತೂರಿಬಾಯಿ, ಗೋಡೆಗೆ.

ದುಂಡಮ್ಮ ಆ ಮುಖ ಈ ಮುಖ ನೋಡಿದಳು. "ನನಗ ಕಿವಿ ಮಂದ ಅವ್ವ. ನೀವ್ ನೀವೇ ಮಾತಾಡಕೊಳ್ರಿ."

ಸಾವಿತ್ರಿ ತನ್ನ ಚೀಲ ತೆಗೆದುಕೊಂಡು ಹೊರಟುಹೋದಳು. ಅವಳ ಚಪ್ಪಲಿಯ ಸದ್ದು ಮೆಟ್ಟಿಲ ತನಕ ಕೇಳಿಸಿತು, ಕಸ್ತೂರಿಬಾಯಿ ಅದನ್ನೂ ಪೂರ್ತಿ ಕೇಳಿದರು. ಆಮೇಲೆ ಮಂಚದ ಪಕ್ಕ ಕೂತು, ವಿಭೂತಿ ಯಾರು ಕೊಟ್ಟರು ಎಂದು ದುಂಡಮ್ಮನನ್ನು ಕೇಳಿದರು. ಅಷ್ಟರಲ್ಲಿ ಮುದುಕಿಯ ಕಿವಿ ನೆಟ್ಟಗಾಗಿತ್ತು. ಆ ಬಿಳಿ ಸೀರೆಯವಳು ವಿಭೂತಿಯನ್ನೇನೋ ಮುಟ್ಟಲಿಲ್ಲ, ಚೀಲವನ್ನೇ ಎತ್ತಿ ತಂದು ಮಗ್ಗುಲಲ್ಲಿ ಇಟ್ಟಳು, ಲಿಂಗಕ್ಕೆ ನೀರೆರೆಯುವಾಗ ಕೆಳಗೆ ಬಟ್ಟಲು ಹಿಡಿದಳು ಎಂದು ಹೇಳಿದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಚಿಕ್ಕಂದಿನಿಂದಲೂ ಸಾವಿತ್ರಿ ಹಾಗೆಯೇ. ಕಸ್ತೂರಿಬಾಯಿಗೆ ನಗು ಬಂತು, ನಗಲಿಲ್ಲ.

ಸ್ವಲ್ಪ ಹೊತ್ತಿನಲ್ಲಿ ಮುದುಕಿಗೆ ಬೆಡ್‌ಪ್ಯಾನ್ ಬೇಕಾಯಿತು. ಕಸ್ತೂರಿಬಾಯಿ ಸ್ಟೀಲಿನ ಪ್ಯಾನನ್ನು ನಲ್ಲಿಯ ಬಳಿ ಒಯ್ದು ತೊಳೆದರು. ಆಮೇಲೆ ಕೆಳಗಿನ ಕ್ಯಾಂಟೀನಿನಿಂದ ಫ್ಲಾಸ್ಕಿನಲ್ಲಿ ಬಿಸಿನೀರು ತಂದು, ಪ್ಯಾನಿಗೆ ಸುರಿದು, ಒಂದು ಗಳಿಗೆ ಬಿಟ್ಟು ಚೆಲ್ಲಿ, ಬಟ್ಟೆಯಿಂದ ಒರೆಸಿ, ಬೆಚ್ಚಗಿದ್ದಾಗಲೇ ಮುದುಕಿಯ ಕೆಳಗೆ ಸರಿಸಿದರು. ಯೋಚಿಸಿ ಮಾಡಿದ್ದಲ್ಲ, ಕೈ ತಾನಾಗಿ ಮಾಡಿತು.

ದುಂಡಮ್ಮ ಅವರ ಮುಖವನ್ನೇ ನೋಡುತ್ತಿದ್ದಳು.

"ನೀವು ಅಕ್ಕ ತಂಗಿ ಇದ್ದೀರಿ ಏನು?"

"ಯಾರು ಹೇಳಿದ್ರು?"

"ಯಾರು ಹೇಳಬೇಕು? ಸಿಸ್ಟರಮ್ಮ ಪಾಪ ಭಾಳ ಒಳ್ಳೇಕಿ, ಖರೆ ಆಕಿ ಕೊಟ್ಟ ಪ್ಯಾನ್ ಹಿಮದಂಗ ಇತ್ತು. ನನ್ನ ಸೊಸಿನೂ ತಣ್ಣಂದೇ ಕೊಡ್ತಾಳ. ರಾತ್ರಿ ಆ ಬಿಳಿ ಸೀರಿಯಾಕಿ ಬಿಸಿನೀರು ಹಾಕಿ ಬೆಚ್ಚಗ ಮಾಡಿ ಕೊಟ್ಟಳು. ಈಗ ನೀನೂ ಹಂಗೇ ಕೊಟ್ಟಿ. ಇದು ಒಂದೇ ತಾಯಿ ಕಲಿಸಿದ್ದು."

ಕಸ್ತೂರಿಬಾಯಿಗೆ ಕಣ್ಣು ತುಂಬಿ ಬಂತು. ಅವರ ಅವ್ವ ಮಿಷನ್ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು. ನೋವಿನಲ್ಲಿರುವವರ ಮೈಗೆ ತಣ್ಣನೆಯ ಕಬ್ಬಿಣ ತಾಗಿಸಬಾರದು ಎನ್ನುತ್ತಿದ್ದಳು. ಕೊನೆಯ ದಿನಗಳಲ್ಲಿ ಅವಳೇ ಹಾಸಿಗೆ ಹಿಡಿದಾಗ ಹೆಣ್ಣುಮಕ್ಕಳಿಬ್ಬರೂ ಹಗಲು ರಾತ್ರಿ ಪಾಳಿ ಹಾಕಿಕೊಂಡು ಹೀಗೆಯೇ ನೋಡಿಕೊಂಡಿದ್ದರು. ಆಗ ಇಬ್ಬರ ನಡುವೆ ನೀರಿನ ಜಗಳ ಇರಲಿಲ್ಲ. ಇಷ್ಟು ವರ್ಷ ತಂಗಿಯ ಕೈಯಲ್ಲಿ ತಾಯಿಯ ಕೈ ಹಾಗೆಯೇ ಉಳಿದಿತ್ತು, ತಾನು ಮಾತ್ರ ಅವಳ ಬೋಳು ಕಿವಿ ನೋಡುತ್ತ ಕಾಲ ಕಳೆದೆನಲ್ಲ ಎಂದುಕೊಂಡರು. ಹೌದು, ನನ್ನ ತಂಗಿ ಎಂದು ಮುದುಕಿಗೆ ಹೇಳಿದರು. ಹಾಗೆ ಹೇಳಿ ಎಷ್ಟು ಕಾಲವಾಗಿತ್ತೋ.

ಮಧ್ಯಾಹ್ನದ ಹೊತ್ತಿಗೆ ಅಂಬಿಕಾ ಕಸ್ತೂರಿಬಾಯಿಯ ಮೊಬೈಲಿಗೆ ವಿಡಿಯೋ ಕಾಲ್ ಮಾಡಿದಳು. ಹಸಿರು ಸೀರೆಯ ಸೌಂದರ್ಯಾ ಚಾಪೆಯ ಮೇಲೆ ಕೂತಿದ್ದಳು, ಪಕ್ಕದಲ್ಲಿ ಕಮಲಾಪುರದ ಕೆಂಪು ಬಾಳೆಯ ಗೊನೆ. ದುಂಡಮ್ಮ ಮೊಮ್ಮಗಳನ್ನು ಮಲಗಿದಲ್ಲಿಂದಲೇ ಕೈಯೆತ್ತಿ ಹರಸಿದಳು. ಆದರೆ ಬೀಗರು ಇನ್ನೂ ಬಂದಿರಲಿಲ್ಲ. ಅವರು ಬಂದಿದ್ದು ಸಂಜೆ. ಅಂಬಿಕಾ ಮತ್ತೆ ಫೋನು ಮಾಡಿದಳು. ಉಡಿ ಈಗಷ್ಟೇ ತುಂಬಬೇಕು, ಆರತಿ, ಊಟ ಎಲ್ಲ ಬಾಕಿ. ನಡುವೆ ಬಿಟ್ಟು ಬಸ್ಸು ಹತ್ತಲೇ ಎಂದು ಕೇಳಿದಳು. ಬರಬೇಡ, ಮಗಳ ಉಡಿ ತುಂಬು, ನಾಳೆ ಬೆಳಗ್ಗೆ ಬಾ ಎಂದುಬಿಟ್ಟರು ಕಸ್ತೂರಿಬಾಯಿ.

ಹೇಳುವುದೇನೋ ಹೇಳಿದರು. ರಾತ್ರಿ ಯಾರು? ಅವರಿಗೆ ಬಿಪಿ, ರಾತ್ರಿಯೆಲ್ಲ ಒಂಟಿಯಾಗಿ ಎಚ್ಚರಿದ್ದರೆ ಬೆಳಗ್ಗೆ ಪಕ್ಕದ ಮಂಚದಲ್ಲಿ ಅವರನ್ನೇ ಮಲಗಿಸಬೇಕಾದೀತು. ಸಿಸ್ಟರಿಗೆ ಫೋನು ಮಾಡಿದರೆ, ಕಾನ್ವೆಂಟಿನ ಬಾಗಿಲು ಹಾಕುವ ಹೊತ್ತು, ಇವತ್ತು ಆಗದು, ನಿಮ್ಮ ತಂಗಿಯನ್ನು ಕೇಳಿ ಎಂದು ನಂಬರು ಕೊಟ್ಟರು. ತಂಗಿ ಎಂದು ಸಿಸ್ಟರಿಗೆ ಹೇಗೆ ಗೊತ್ತಾಯಿತು? ಇಡೀ ವಾರ್ಡಿಗೆ ಗೊತ್ತಾಗಿರಬೇಕು.

ಈಗ ಆ ವಾರ್ಡಿಗೆ ಮೂರು ಚರ್ಚುಗಳವರೂ ದಿನ ಹಂಚಿಕೊಂಡು ಬರುತ್ತಾರೆ. ಭಾನುವಾರ ಒಂದೇ ಪ್ರಾರ್ಥನೆ, ಉಳಿದ ದಿನ ಯಾವ ರೋಗಿಯ ಮನೆಯವರು ಸ್ನಾನಕ್ಕೋ ನಿದ್ದೆಗೋ ಹೋಗಬೇಕೋ ಅವರ ಕುರ್ಚಿಯಲ್ಲಿ ಒಬ್ಬರು ಕೂರುತ್ತಾರೆ. ಮುಳುಗಿದ ನೀರು ದೊಡ್ಡದೋ ಚಿಮುಕಿಸಿದ ನೀರು ದೊಡ್ಡದೋ ಎಂಬ ವ್ಯಾಜ್ಯ ಇನ್ನೂ ತೀರಿಲ್ಲ, ತೀರುವ ಲಕ್ಷಣವೂ ಇಲ್ಲ. ಅದೆಲ್ಲ ಆಮೇಲಿನ ಮಾತು. ಆ ಸಂಜೆ ಕಸ್ತೂರಿಬಾಯಿಯ ಕೈಯಲ್ಲಿ ಇದ್ದದ್ದು ಒಂದು ಫೋನು, ಒತ್ತಬೇಕಾದ ಒಂದು ನಂಬರು. ತಂಗಿ ದನಿ ಗುರುತಿಸಿ ಕಟ್ ಮಾಡಿದರೆ ಆಮೇಲೆ ಈ ಜನ್ಮದಲ್ಲಿ ಇನ್ನೊಮ್ಮೆ ಕೇಳುವ ಧೈರ್ಯ ಬರಲಾರದು ಎಂದು ಅವರಿಗೆ ಗೊತ್ತಿತ್ತು. ಆದರೂ ಒತ್ತಿದರು.

"ಸಾವಿತ್ರಿ, ನಾ ಕಸ್ತೂರಿ. ಅಂಬಿಕಾಗ ಇವತ್ತು ಬರಾಕ ಆಗಂಗಿಲ್ಲ. ರಾತ್ರಿ ಒಬ್ಬರು ಬೇಕಾಗ್ಯಾರ. ಕ್ಯಾಂಟೀನ್ ಮುಚ್ಚತಾರ, ಬರೂವಾಗ ಬಿಸಿನೀರು ತಗೊಂಡು ಬಾ."

ಕಸ್ತೂರಿಬಾಯಿ ಫೋನನ್ನು ಕಿವಿಗೆ ಒತ್ತಿ ಹಿಡಿದು ಕಾದರು.

"ತರ್ತೀನಿ," ಎಂದಳು ಸಾವಿತ್ರಿ ಕೊನೆಗೆ. "ಅಕ್ಕಾ, ನೀ ಉಂಡೀ ಏನು?"

"ಕ್ಯಾಂಟೀನಿನ್ಯಾಗ ಬ್ರೆಡ್ ಇತ್ತು. ತಿಂದೀನಿ."

"ಬ್ರೆಡ್ ಊಟ ಏನಕ್ಕಾ? ರೊಟ್ಟಿ ಪಲ್ಯಾ ಕಟ್ಟಕೊಂಡು ಬರ್ತೀನಿ. ನಾ ಬರೂತನಕ ಹೋಗಬ್ಯಾಡ, ಇರು."

ಫೋನು ಇಟ್ಟ ಮೇಲೂ ಕಸ್ತೂರಿಬಾಯಿ ಅದನ್ನೇ ನೋಡುತ್ತ ನಿಂತಿದ್ದರು. ಮಂಚದಿಂದ ದುಂಡಮ್ಮ, ಕಿವಿ ಮಂದವಾದವಳು, ತಂಗಿ ಏನಂದಳು ಎಂದು ಕೇಳಿದಳು.

"ಇರು ಅಂದಳ್ರಿ," ಎಂದು ಹೇಳಿ ಕಸ್ತೂರಿಬಾಯಿ ಮನೆಗೆ ಹೋಗಲು ಎತ್ತಿಕೊಂಡಿದ್ದ ಚೀಲವನ್ನು ಮಂಚದ ಕೆಳಗಿಟ್ಟು, ಇನ್ನೊಂದು ಕುರ್ಚಿ ಹುಡುಕಿ ತರಲು ಹೋದರು.